ದಿನಕ್ಕೆ ಎರಡು ಲಾರ್ಜ್ ವಿಸ್ಕಿ: ಮಿತಿಯನ್ನು ಎಲ್ಲಿಗೆ ನಿಲ್ಲಿಸಿದಿರಿ? ಅನುಭವ ಇರುವವರು ತಿಳಿಸಿ

ಕೇಳಿದವರು: ತುಮಕೂರಿನಿಂದ, ವಯಸ್ಸು 47

ಒಂಬತ್ತು ವರ್ಷಗಳಿಂದ ರಾತ್ರಿ ಊಟಕ್ಕೆ ಮುಂಚೆ ಎರಡು ಲಾರ್ಜ್ ವಿಸ್ಕಿ ತೆಗೆದುಕೊಳ್ಳುವ ಅಭ್ಯಾಸ ನನಗಿದೆ. ಕುಡಿದು ಗಲಾಟೆ ಮಾಡಿದವನಲ್ಲ, ಕೆಲಸ ತಪ್ಪಿಸಿದವನಲ್ಲ, ಶ್ರಾವಣದಲ್ಲಿ ಇಡೀ ತಿಂಗಳು ಮುಟ್ಟುವುದಿಲ್ಲ. ರಕ್ತದೊತ್ತಡದ ಮಾತ್ರೆ ಎರಡು ವರ್ಷದಿಂದ ನಡೆಯುತ್ತಿದೆ. ಕಳೆದ ವಾರದ ರಕ್ತಪರೀಕ್ಷೆಯಲ್ಲಿ ಲಿವರಿನ ಸ್ಥಿತಿ ತೋರಿಸುವ ಎಸ್‌ಜಿಒಟಿ ಮತ್ತು ಜಿಜಿಟಿ ಎರಡೂ ಹೆಚ್ಚಾಗಿವೆ, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್, ಮೊದಲ ಹಂತ ಎಂದು ಬಂದಿದೆ. ವೈದ್ಯರು "ಕಡಿಮೆ ಮಾಡಿ" ಎಂದರು. ಎಷ್ಟಕ್ಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಂಥ ಸ್ಥಿತಿಯಲ್ಲಿ ನೀವು ಏನು ಮಾಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ. ಉಪದೇಶ ಮಾಡಲು ಮನೆಯಲ್ಲೇ ನಾಲ್ಕು ಜನ ಇದ್ದಾರೆ.

ಶಿವಮೊಗ್ಗದಿಂದ, ನಿವೃತ್ತ ಬ್ಯಾಂಕ್ ನೌಕರರು

ನಾನೂ ಹತ್ತು ವರ್ಷ "ಬರೀ ಎರಡೇ" ಎಂದು ಹೇಳಿಕೊಂಡು ಬಂದವನು. ನಿಮ್ಮ ಹಾಗೆಯೇ ಜಿಜಿಟಿ ಏರಿದಾಗ ವೈದ್ಯರು ದಿನಕ್ಕೆ ಎಷ್ಟು ಎಂದು ಕೇಳಿದರು, ಎರಡು ಲಾರ್ಜ್ ಎಂದೆ. ಲಾರ್ಜ್ ಎಂದರೆ ಎಷ್ಟು ಎಂದು ಅವರು ಮತ್ತೆ ಕೇಳಿದ್ದಕ್ಕೆ ನನಗೆ ನಗು ಬಂತು. 60 ಮಿಲಿ ಎಂಬುದು ಯಾರಿಗೆ ತಿಳಿಯದು? ಮನೆಗೆ ಬಂದು, ಮೊಮ್ಮಗನ ಕೆಮ್ಮಿನ ಸಿರಪ್ಪಿನ ಬಾಟಲಿಯ ಮೇಲಿದ್ದ 15 ಮಿಲಿಯ ಮುಚ್ಚಳ ತೆಗೆದುಕೊಂಡು, ದಿನಾ ಸುರಿದುಕೊಳ್ಳುವ ಗ್ಲಾಸಿಗೆ ದಿನಾ ಸುರಿಯುವ ಅಂದಾಜಿನಲ್ಲೇ ನೀರು ಸುರಿದು, ಮುಚ್ಚಳದಿಂದ ಅಳೆಯುತ್ತಾ ಹೋದೆ. ನಾಲ್ಕು ಮುಚ್ಚಳಕ್ಕೆ ಮುಗಿಯಬೇಕಿತ್ತು. ಆರನೆಯದು ತುಂಬಿದ ಮೇಲೂ ತಳದಲ್ಲಿ ನೀರು ಉಳಿದಿತ್ತು. ಎರಡು ಲಾರ್ಜ್ ಎಂದು ವೈದ್ಯರಿಗೆ ಹೇಳಿದ್ದು ನಿಜವಾಗಿ ಒಂದು ಕ್ವಾರ್ಟರಿಗಿಂತ, ಅಂದರೆ 180 ಮಿಲಿಗಿಂತ, ಹೆಚ್ಚಾಗಿತ್ತು, ಮತ್ತು ನಾನು ಸುಳ್ಳು ಹೇಳಿರಲಿಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನ ಕೈ ಇದು! ಆದ್ದರಿಂದ ಮೊದಲು ಒಂದು ವಾರ, ಕಡಿಮೆ ಮಾಡುವ ಪ್ರಯತ್ನವನ್ನೇ ಮಾಡದೆ, ಅಳೆದು ಬರೆದಿಡಿ.

ಇನ್ನು ಶ್ರಾವಣದ ವಿಚಾರ. ನಾನು ಮೂರು ವರ್ಷ ಅಯ್ಯಪ್ಪನ ಮಾಲೆ ಹಾಕಿದವನು. 41 ದಿನ ಹನಿ ಮುಟ್ಟಲಿಲ್ಲ, ಅದನ್ನೇ ಸರ್ಟಿಫಿಕೇಟಿನಂತೆ ಎಲ್ಲರಿಗೂ ತೋರಿಸುತ್ತಿದ್ದೆ. ಆದರೆ ಮಾಲೆ ತೆಗೆದ ರಾತ್ರಿಯೇ ಮೂರು ಸುತ್ತು ಆಗುತ್ತಿತ್ತು. ಬಾಟಲಿಯನ್ನೇ ತೆರೆಯದೆ ಇರುವುದು ಒಂದು ಶಕ್ತಿ, ತೆರೆದ ಮೇಲೆ ನಿಲ್ಲಿಸುವುದು ಬೇರೆಯದೇ ಶಕ್ತಿ. ವ್ರತದಲ್ಲಿ ಪರೀಕ್ಷೆಯಾಗುವುದು ಮೊದಲನೆಯದು ಮಾತ್ರ. ಎರಡನೆಯದು ನನ್ನಲ್ಲಿ ಕಡಿಮೆ ಎಂದು ಒಪ್ಪಿಕೊಳ್ಳಲು ಬಹಳ ದಿನ ಹಿಡಿಯಿತು. ಸಾಕು ಎಂದು ತೀರ್ಮಾನಿಸಬೇಕಾದ ಬುದ್ಧಿಯೇ ಮೊದಲ ಪೆಗ್ಗಿಗೆ ಸಡಿಲವಾಗುವುದರಿಂದ, ಕುಡಿಯುತ್ತಾ ಕೂತಾಗ ಹಾಕಿಕೊಂಡ ಮಿತಿ ಒಂದು ದಿನವೂ ನಿಲ್ಲಲಿಲ್ಲ. ಹಾಗಾಗಿ ತೀರ್ಮಾನವನ್ನು ಅಂಗಡಿಯ ಬಾಗಿಲಿಗೆ ತಂದೆ. ಮನೆಯಲ್ಲಿ ಫುಲ್ ಬಾಟಲಿ ಇಡುವುದಿಲ್ಲ. ಬುಧವಾರ ಮತ್ತು ಶನಿವಾರ ಒಂದೊಂದು ನೈಂಟಿ, ಅಂದರೆ 90 ಮಿಲಿ, ತರುತ್ತೇನೆ, ಅದು ಮುಗಿದರೆ ಆ ದಿನದ ವಿಚಾರ ಮುಗಿಯಿತು. ಮಳೆಗಾಲದಲ್ಲಿ ಎರಡನೆಯ ಸಲ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗುವಷ್ಟು ಹುರುಪು ದೇವರ ದಯೆಯಿಂದ ನನ್ನಲ್ಲಿಲ್ಲ, ಸೋಮಾರಿತನವೇ ಕಾಪಾಡಿದೆ.

ಈ ಏರ್ಪಾಡಿಗೆ ಬಂದದ್ದು ವೈದ್ಯರ ಸಲಹೆಯಂತೆ ಮೂರು ತಿಂಗಳು ಪೂರ್ತಿ ಬಿಟ್ಟು, ಜಿಜಿಟಿ ಸಹಜಕ್ಕೆ ಇಳಿದದ್ದನ್ನು ನೋಡಿದ ಮೇಲೆ. ಬರೀ ಕೊಬ್ಬು ತುಂಬಿದ ಹಂತದಲ್ಲಿ ಕುಡಿತ ನಿಲ್ಲಿಸಿದರೆ ಲಿವರ್ ಕೆಲವು ವಾರಗಳಲ್ಲೇ ಸುಧಾರಿಸಿಕೊಳ್ಳಬಲ್ಲದು. ಗಾಯದ ಕಲೆ ಗಟ್ಟಿಯಾಗಿ ಸಿರೋಸಿಸ್ ಆದ ಮೇಲೆ ಹಾಗೆ ಹಿಂದಿರುಗುವ ದಾರಿ ಇಲ್ಲ. ನೀವು ಇನ್ನೂ ಈಚೆ ದಡದಲ್ಲಿದ್ದೀರಿ. ಕಡಿಮೆ ಮಾಡುವ ಮಾತನ್ನು ಸದ್ಯ ಪಕ್ಕಕ್ಕಿಟ್ಟು, ವೈದ್ಯರನ್ನು ಕೇಳಿ ಮೂರು ತಿಂಗಳು ನಿಲ್ಲಿಸಿ, ಮತ್ತೆ ರಕ್ತ ಕೊಟ್ಟು ನೋಡಿ ಎಂಬುದು ನನ್ನ ಅಭಿಪ್ರಾಯ.

ಸ್ಕಾಟ್ಲೆಂಡಿನಿಂದ, ಮೂಲ ಧಾರವಾಡ

ವಿಸ್ಕಿಯ ತವರಿನಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಇಲ್ಲಿ ಬಾಟಲಿಯ ಹಿಂದೆ ಅದರಲ್ಲಿ ಎಷ್ಟು ಯೂನಿಟ್ ಆಲ್ಕೋಹಾಲ್ ಇದೆ ಎಂದು ಅಚ್ಚು ಹಾಕಿರುತ್ತಾರೆ. ಒಂದು ಯೂನಿಟ್ ಎಂದರೆ 10 ಮಿಲಿ, ಅಂದರೆ 8 ಗ್ರಾಂ ಶುದ್ಧ ಆಲ್ಕೋಹಾಲ್. ಬ್ರಿಟನ್ನಿನ ವೈದ್ಯಾಧಿಕಾರಿಗಳು 2016ರಲ್ಲಿ ಹೇಳಿದ ಪ್ರಕಾರ ಗಂಡಸರಿಗಾಗಲಿ ಹೆಂಗಸರಿಗಾಗಲಿ ವಾರಕ್ಕೆ 14 ಯೂನಿಟ್ ಮೀರಬಾರದು, ಅದನ್ನೂ ಒಂದೇ ದಿನ ಮುಗಿಸದೆ ಮೂರು ಅಥವಾ ಹೆಚ್ಚು ದಿನಗಳಿಗೆ ಹಂಚಬೇಕು. 700 ಮಿಲಿಯ, ಶೇ. 40ರ ಒಂದು ಬಾಟಲಿಯಲ್ಲಿ 28 ಯೂನಿಟ್ ಇರುತ್ತದೆ. ಒಬ್ಬರಿಗೆ ಎರಡು ವಾರ ಬರಬೇಕು.

ನಮ್ಮ ಕಡೆಯ ವಿಸ್ಕಿ ಸಾಮಾನ್ಯವಾಗಿ ಶೇ. 42.8. ನೀವು ಸರಿಯಾಗಿ ಅಳೆದೇ ದಿನಕ್ಕೆ 120 ಮಿಲಿ ಕುಡಿಯುತ್ತಿದ್ದರೂ ವಾರಕ್ಕೆ 840 ಮಿಲಿ, ಸುಮಾರು 36 ಯೂನಿಟ್ ಆಗುತ್ತದೆ. ಎರಡೂವರೆ ಪಟ್ಟು! ಶಿವಮೊಗ್ಗದವರ ಹಾಗೆ ಕೈ ಧಾರಾಳವಾಗಿದ್ದರೆ ಇನ್ನೂ ಹೆಚ್ಚು. ಅವರ ಎರಡು ನೈಂಟಿ ವಾರಕ್ಕೆ ಎಂಟು ಯೂನಿಟ್ಟಿಗೂ ಕೆಳಗೆ ಬರುತ್ತದೆ.

ಒಂದು ಮಾತನ್ನು ಮಾತ್ರ ಇದಕ್ಕೆ ಸೇರಿಸಬೇಕು. 14 ಎಂಬುದು ಅಪಾಯ ಕಡಿಮೆ ಇರುವ ಮಟ್ಟವೇ ಹೊರತು ಅಪಾಯವೇ ಇಲ್ಲದ ಮಟ್ಟವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ಹೇಳಿದೆ. ಆಲ್ಕೋಹಾಲ್ ದೇಹದಲ್ಲಿ ಅಸಿಟಾಲ್ಡಿಹೈಡ್ ಆಗಿ ಒಡೆಯುತ್ತದೆ, ಅದು ಜೀವಕೋಶಗಳ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಬಾಯಿ, ಗಂಟಲು, ಅನ್ನನಾಳ, ಲಿವರ್, ದೊಡ್ಡ ಕರುಳು ಮತ್ತು ಹೆಂಗಸರ ಸ್ತನದ ಕ್ಯಾನ್ಸರಿಗೆ ಅದು ಕಾರಣ. ಜೊತೆಗೆ ಸಿಗರೇಟು ಇದ್ದರೆ ಬಾಯಿ ಗಂಟಲಿನ ಅಪಾಯ ಬಹಳ ಏರುತ್ತದೆ. ನೀವು ಅದರ ಬಗ್ಗೆ ಬರೆದಿಲ್ಲ.

ಹಾಸನದಿಂದ

ನನಗೆ 68. ನಲವತ್ತು ವರ್ಷದಿಂದ ದಿನಾ ಎರಡು ಪೆಗ್, ಏನೂ ಆಗಿಲ್ಲ. ಒಳ್ಳೆಯ ಮಾಲು ಕುಡಿಯಬೇಕು, ಹೊಟ್ಟೆ ತುಂಬಾ ತಿನ್ನಬೇಕು, ಅಷ್ಟೇ.

ಮೈಸೂರಿನಿಂದ, ಗೃಹಿಣಿ

"ಕುಡಿದು ಗಲಾಟೆ ಮಾಡಿದವನಲ್ಲ" ಎಂಬ ವಾಕ್ಯ ಓದಿ ಬರೆಯಬೇಕೆನಿಸಿತು. ಅಣ್ಣನವರೇ, ನಮ್ಮ ಮನೆಯವರೂ ಒಂದು ದಿನವೂ ಗಲಾಟೆ ಮಾಡಿದವರಲ್ಲ. ಎಂಟಕ್ಕೆ ಗ್ಲಾಸು ಹಿಡಿದು ಕೂತರೆ ಒಂಬತ್ತೂವರೆಗೆ ಮಲಗಿರುತ್ತಿದ್ದರು. ಮಗಳು ಎಸ್ಸೆಸ್ಸೆಲ್ಸಿಯ ವರ್ಷ ಗಣಿತದ ಪುಸ್ತಕ ಹಿಡಿದು ಅಪ್ಪನ ಕೋಣೆಯ ಬಾಗಿಲವರೆಗೆ ಹೋಗಿ, ಗೊರಕೆ ಕೇಳಿ ತಿರುಗಿ ಬರುತ್ತಿದ್ದಳು. ಆ ಹೆಜ್ಜೆ ಸಪ್ಪಳ ಇವತ್ತಿಗೂ ನನ್ನ ಕಿವಿಯಲ್ಲಿದೆ. ವಿಸ್ಕಿಯಿಂದ ನಿದ್ದೆ ಬರುತ್ತದೆ ಎನ್ನುತ್ತಿದ್ದರು. ಬರುವುದು ನಿಜ, ಆದರೆ ರಾತ್ರಿ ಮೂರಕ್ಕೆ ಬೆವತು ಎದ್ದರೆ ಬೆಳಗಿನವರೆಗೆ ಹೊರಳಾಟ, ಬೆಳಗ್ಗೆ ಎಲ್ಲರ ಮೇಲೂ ಸಿಡುಕು. ಬಿಟ್ಟು ಮೂರನೆಯ ವಾರಕ್ಕೆ ಆ ಎಚ್ಚರ ನಿಂತಿತು, ಬಿಪಿಯೂ ಇಳಿದು ವೈದ್ಯರು ಮಾತ್ರೆಯ ಪ್ರಮಾಣ ತಗ್ಗಿಸಿದರು. ಮಿತಿ ಎಷ್ಟು ಎಂದು ಊರವರನ್ನೆಲ್ಲ ಕೇಳುತ್ತಿದ್ದೀರಿ. ಎಂಟು ಗಂಟೆಯ ಮೇಲೆ ನೀವು ಹೇಗಿರುತ್ತೀರಿ ಎಂದು ಮನೆಯಲ್ಲಿ ಒಮ್ಮೆ ಕೇಳಿ. ಉಪದೇಶ ಮಾಡುವ ಆ ನಾಲ್ವರಿಗೆ ಗೊತ್ತಿರುತ್ತದೆ.

ಮಂಡ್ಯದಿಂದ, ಆಸ್ಪತ್ರೆಯ ಶುಶ್ರೂಷಕಿ

ಶಿವಮೊಗ್ಗದ ಹಿರಿಯರ ಸಲಹೆ ಒಳ್ಳೆಯದೇ, ಆದರೆ ಎಲ್ಲರೂ ಅದನ್ನು ನಾಳೆಯೇ ಪಾಲಿಸಬಾರದು. ಬೆಳಗ್ಗೆ ಎದ್ದಾಗ ಕೈ ನಡುಗುವವರು, ಒಂದು ದಿನ ತಪ್ಪಿದರೆ ಬೆವರುವವರು, ನಡುಕ ನಿಲ್ಲಲು ಬೆಳಗ್ಗೆಯೇ ಒಂದು ಗುಟುಕು ಬೇಕಾದವರು ತಾವಾಗಿಯೇ ಏಕಾಏಕಿ ನಿಲ್ಲಿಸುವುದು ಅಪಾಯ. ಅಂಥವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೆಯ ದಿನಕ್ಕೆ ಜ್ಞಾನ ತಪ್ಪಿದಂತೆ ಮಾತನಾಡುವುದು, ಇಲ್ಲದ್ದು ಕಾಣುವುದು ಶುರುವಾಗಬಹುದು, ಪ್ರಾಣಕ್ಕೂ ಸಂಚಕಾರ ಬರಬಹುದು. ಹಬ್ಬದ ಮಾರನೆಯ ವಾರ, ವ್ರತ ಹಿಡಿದ ಮೂರನೆಯ ದಿನ ಹೀಗೆ ಮಂಚಕ್ಕೆ ಕಟ್ಟಿಸಿಕೊಂಡು ಬಂದವರನ್ನು ವಾರ್ಡಿನಲ್ಲಿ ನೋಡಿದ್ದೇನೆ. "ದೆವ್ವ ಹಿಡಿದಿದೆ" ಎಂದು ಮೊದಲು ಬೇರೆಲ್ಲೋ ಕರೆದುಕೊಂಡು ಹೋಗಿ ಎರಡು ದಿನ ಕಳೆದಿರುತ್ತಾರೆ. ಆಸ್ಪತ್ರೆಯಲ್ಲಿ ಮಾತ್ರೆ ಮತ್ತು ಥಯಮಿನ್ ವಿಟಮಿನ್ ಕೊಟ್ಟು ಹಂತಹಂತವಾಗಿ ಇದನ್ನು ದಾಟಿಸುತ್ತಾರೆ. ನೀವು ಪ್ರತಿವರ್ಷ ಶ್ರಾವಣದಲ್ಲಿ ತೊಂದರೆಯಿಲ್ಲದೆ ಬಿಟ್ಟಿದ್ದೀರಿ ಎಂಬುದು ಈ ದೃಷ್ಟಿಯಿಂದ ಸಮಾಧಾನದ ವಿಷಯ. ಆದರೂ ವೈದ್ಯರಿಗೆ ತಿಳಿಸಿಯೇ ನಿಲ್ಲಿಸಿ, ಅವರಿಗೆ ಅಳೆದ ಲೆಕ್ಕವನ್ನೇ ಕೊಡಿ.

ಮಾತ್ರೆಗಳ ವಿಚಾರದಲ್ಲೂ ಎಚ್ಚರ ಬೇಕು. ಮಾರನೆಯ ದಿನದ ತಲೆನೋವಿಗೆ ಪ್ಯಾರಸಿಟಮಾಲ್ ಮೇಲೆ ಪ್ಯಾರಸಿಟಮಾಲ್ ನುಂಗುವುದು ಮೊದಲೇ ಸೋತ ಲಿವರಿಗೆ ಮತ್ತೊಂದು ಹೊರೆ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಊಟ ಬಿಟ್ಟು ಕುಡಿದರೆ ಸಕ್ಕರೆ ತೀರಾ ಕುಸಿಯಬಹುದು, ಪಕ್ಕದಲ್ಲಿದ್ದವರು ಅದನ್ನು ಅಮಲು ಎಂದೇ ತಿಳಿದು ಸುಮ್ಮನಿರುತ್ತಾರೆ. ನಿದ್ದೆ ಮಾತ್ರೆಯ ಜೊತೆಗಂತೂ ಬೇಡವೇ ಬೇಡ.

ಹಾಸನದವರಿಗೆ: ತಾವು ಆರೋಗ್ಯವಾಗಿರುವುದು ಸಂತೋಷ, ಕೊನೆಯ ಬಾರಿ ಲಿವರ್ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಬರೆದಿಲ್ಲ. ಸಿರೋಸಿಸ್ ಬಹಳ ಕಾಲ ಮೌನವಾಗಿಯೇ ಇರುತ್ತದೆ. ಬಾಟಲಿಗೆ ಮುನ್ನೂರು ಕೊಟ್ಟರೂ ಮೂರು ಸಾವಿರ ಕೊಟ್ಟರೂ ಒಳಗಿರುವ ಆಲ್ಕೋಹಾಲ್ ಒಂದೇ.

ಮನೆಯಲ್ಲಿ ಹೇಳಿಕೊಳ್ಳಲು ಸಂಕೋಚವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ.

ಕೇಳಿದವರು, ಮರಳಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಅಳೆದು ನೋಡಿದೆ, ನನ್ನ ಲಾರ್ಜ್ 80 ಮಿಲಿ ಇದೆ. ಮೈಸೂರಿನ ಸಹೋದರಿ ಹೇಳಿದಂತೆ ಮನೆಯಲ್ಲೂ ಕೇಳಿದೆ. ಹೆಂಡತಿ ಉತ್ತರ ಕೊಡದೆ ಪಾತ್ರೆ ತೊಳೆಯಲು ಎದ್ದು ಹೋದಳು. ಸೋಮವಾರ ವೈದ್ಯರನ್ನು ಕಾಣುತ್ತೇನೆ. ಒಂದು ಸಮಸ್ಯೆ ಉಳಿದಿದೆ. ಮುಂದಿನ ಭಾನುವಾರ ಅಕ್ಕನ ಮಗನ ಬೀಗರ ಊಟ ಇದೆ. ಅಲ್ಲಿ ಭಾವನವರ ಎದುರು ಬೇಡ ಎನ್ನುವುದು ಹೇಗೆ?

ಶಿವಮೊಗ್ಗದಿಂದ

ಭಾಷಣ ಮಾಡಬೇಡಿ, "ಬಿಟ್ಟಿದ್ದೇನೆ" ಎಂಬ ಮಾತನ್ನಂತೂ ಎತ್ತಲೇಬೇಡಿ. ಬಿಟ್ಟಿದ್ದೇನೆ ಎಂದರೆ ಕುಡಿಸದೆ ಬಿಡುವುದಿಲ್ಲ. "ಲಿವರಿಗೆ ಮಾತ್ರೆ ನಡೆಯುತ್ತಿದೆ ಭಾವ" ಎಂದರೆ ಸಾಕು, ಅದು ಸುಳ್ಳೂ ಆಗುವುದಿಲ್ಲ, ಸೋಮವಾರ ವೈದ್ಯರು ಬರೆದುಕೊಟ್ಟೇ ಕೊಡುತ್ತಾರೆ. ಸೋಡಾಕ್ಕೆ ನಿಂಬೆಹಣ್ಣು ಹಿಂಡಿಸಿಕೊಂಡು ಗ್ಲಾಸನ್ನು ತುಂಬಿಯೇ ಇಟ್ಟುಕೊಳ್ಳಿ, ಖಾಲಿ ಗ್ಲಾಸು ಕಂಡರೆ ಯಾರಾದರೂ ಸುರಿದೇ ಸುರಿಯುತ್ತಾರೆ. ಮತ್ತು ಹೊರಡುವಾಗಲೇ ಹೆಂಗಸರು ಮಕ್ಕಳನ್ನು ವಾಪಸು ಕರೆತರುವ ಕಾರು ನೀವೇ ಓಡಿಸುವುದಾಗಿ ಎಲ್ಲರ ಎದುರು ಹೇಳಿ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಿ. 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ದಾಟಿದರೆ ಪೊಲೀಸರ ಕೇಸು ಎಂಬುದು ಭಾವನವರಿಗೂ ಗೊತ್ತಿರುತ್ತದೆ.