ಎಂಟು ತಿಂಗಳ ಎಲೆಕ್ಟ್ರಿಕ್ ಸ್ಕೂಟರ್: 123 ಕಿ.ಮೀ. ಎಂದಿದ್ದರು, 82 ಸಿಗುತ್ತಿದೆ. ಇದು ಬ್ಯಾಟರಿಯ ದೋಷವೇ?

ಭದ್ರಾತೀರ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯ ಶಿಕ್ಷಕಿ. ಮನೆ ಭದ್ರಾವತಿಯಲ್ಲಿ, ಶಾಲೆ ಶಿವಮೊಗ್ಗದಲ್ಲಿ. ಹದಿಮೂರು ವರ್ಷ ಓಡಿಸಿದ ಪೆಟ್ರೋಲ್ ಸ್ಕೂಟರನ್ನು ಮಾರಿ ಕಳೆದ ಡಿಸೆಂಬರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಂಡೆ. ಬ್ಯಾಟರಿ 3 ಯೂನಿಟ್ ಸಾಮರ್ಥ್ಯದ್ದು. ಕಾಗದದ ಮೇಲೆ ಒಂದು ಚಾರ್ಜಿಗೆ 123 ಕಿ.ಮೀ. ಎಂದಿದೆ. ದಿನಕ್ಕೆ ಹೋಗಿಬರುವುದು 42 ಕಿ.ಮೀ. ಆದ್ದರಿಂದ ಎರಡು ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ ಧಾರಾಳವಾಗಿ ಸಾಕು ಎಂದುಕೊಂಡಿದ್ದೆ.

ಗಾಡಿಯ ಬಗ್ಗೆ ನನಗೆ ಬೇಸರವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಕಿಕ್ ಹೊಡೆಯುವ ಗೋಳಿಲ್ಲ, ಬಂಕಿನಲ್ಲಿ ಸಾಲು ನಿಲ್ಲುವುದಿಲ್ಲ, ಸಂಜೆ ಮನೆಗೆ ಬಂದಾಗ ಕೈ ಜುಮುಗುಟ್ಟುವುದಿಲ್ಲ. ಮೊದಲು ತಿಂಗಳಿಗೆ ಪೆಟ್ರೋಲಿಗೇ 2,200 ರೂಪಾಯಿ ದಾಟುತ್ತಿತ್ತು. ಗೃಹಜ್ಯೋತಿಯಲ್ಲಿ ನಮ್ಮ ಮನೆಯ ಅರ್ಹತೆ 74 ಯೂನಿಟ್. ಸ್ಕೂಟರ್ ಬಂದ ಮೇಲೆ ಬಳಕೆ 118ರ ಆಸುಪಾಸಿಗೆ ಏರಿದೆ. 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತದೆ ಎಂದು ನಮ್ಮವರು ಆತಂಕಪಟ್ಟಿದ್ದರು, ಆದರೆ ಹೆಚ್ಚುವರಿ ಯೂನಿಟ್ಟುಗಳಿಗೆ ಮೆಸ್ಕಾಂಗೆ ಕಟ್ಟುತ್ತಿರುವುದು 300 ರೂಪಾಯಿಯ ಒಳಗೇ ಇದೆ.

ನನ್ನ ಪ್ರಶ್ನೆಗಳು ಬೇರೆಯವು. ಮೊದಲನೆಯದಾಗಿ, ಬೇಸಿಗೆಯಲ್ಲಿ ಲೆಕ್ಕ ಹಾಕಿದರೆ ಪೂರ್ತಿ ಚಾರ್ಜಿಗೆ 90 ಕಿ.ಮೀ. ಬರುತ್ತಿದ್ದದ್ದು ಮಳೆಗಾಲ ಹಿಡಿದ ಮೇಲೆ 82ಕ್ಕೆ ಇಳಿದಿದೆ. ವಿಚಿತ್ರವೆಂದರೆ ಬೆಳಿಗ್ಗೆ ಹೋಗುವಾಗ ಶೇ 29ರಷ್ಟು ಖರ್ಚಾಗುತ್ತದೆ, ಸಂಜೆ ಅದೇ ರಸ್ತೆಯಲ್ಲಿ ಬರುವಾಗ ಶೇ 23 ಮಾತ್ರ. ಬೆಳಿಗ್ಗೆ ಹಿಂದೆ ಮಗಳು ಇರುತ್ತಾಳೆ, ಅವಳು ಕಾಲೇಜು ಮುಗಿಸಿ ಮಧ್ಯಾಹ್ನವೇ ಬಸ್ಸಿನಲ್ಲಿ ಬರುತ್ತಾಳೆ. ವೇಗ 55ರಿಂದ 60, ಅದಕ್ಕಿಂತ ಹೆಚ್ಚು ಓಡಿಸಿದವಳಲ್ಲ.

ಎರಡನೆಯದಾಗಿ, ಕಳೆದ ವಾರ ಮಾಚೇನಹಳ್ಳಿ ದಾಟುವಾಗ ಡಿಸ್‌ಪ್ಲೇಯಲ್ಲಿ 18 ಇದ್ದದ್ದು, ನಾನು ಲಾರಿಯೊಂದನ್ನು ಹಿಂದೆ ಹಾಕಿ ಮತ್ತೆ ನೋಡುವಷ್ಟರಲ್ಲಿ 9 ಆಗಿತ್ತು. ಗಾಡಿ ತಾನಾಗಿಯೇ ವೇಗ ಇಳಿಸಿಕೊಂಡಿತು. ಕತ್ತಲಾಗುತ್ತಿತ್ತು, ಮಳೆಯೂ ಇತ್ತು. ಮನೆ ಮುಟ್ಟುವವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡು ಬಂದೆ. ಬ್ಯಾಟರಿ ಬಾಳಿಕೆ ಬರಲಿ ಎಂದು ಮೊದಲ ದಿನದಿಂದಲೂ 80ಕ್ಕೇ ಚಾರ್ಜ್ ನಿಲ್ಲಿಸುತ್ತಿದ್ದೇನೆ. ಸರ್ವಿಸಿನವರಿಗೆ ತೋರಿಸಿದರೆ, ಎಲ್ಲ ಗಾಡಿಗಳೂ ಹೀಗೆಯೇ ಎಂದು ಎರಡು ಮಾತಿನಲ್ಲಿ ಕಳುಹಿಸಿಬಿಟ್ಟರು.

ಮೂರನೆಯದಾಗಿ, ಬಾಡಿಗೆ ಮನೆಯ ಹಳೆಯ ವೈರಿಂಗಿನಲ್ಲಿ ಕೆಲವು ರಾತ್ರಿ ಚಾರ್ಜರಿನ ದೀಪ ಕೆಂಪಾಗಿ ಚಾರ್ಜ್ ಅರ್ಧಕ್ಕೇ ನಿಂತಿರುತ್ತದೆ.

ಕೊನೆಗೆ ಒಂದು ಆಸೆ: ತೀರ್ಥಹಳ್ಳಿಯಲ್ಲಿ ಅಕ್ಕನ ಮನೆಯಿದೆ, ಹೆಬ್ರಿಯಲ್ಲಿ ತವರು. ದಸರಾ ರಜೆಯಲ್ಲಿ ಅಕ್ಕನ ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಆಗುಂಬೆ ಘಾಟಿ ಇಳಿದು ತವರಿಗೆ ಹೋಗಿಬರಲು ಈ ಗಾಡಿಯಲ್ಲಿ ಸಾಧ್ಯವೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಚಾಮುಂಡಿ ಸವಾರ, ಮೈಸೂರು

ಮೇಡಂ, ನಮಸ್ಕಾರ. ನನ್ನ ಗಾಡಿಗೆ ಮೂರು ವರ್ಷ ತುಂಬಿದೆ, 31,000 ಕಿ.ಮೀ. ಓಡಿದೆ. ನೀವು ಬರೆದಿರುವ ಅಂಕಿಗಳನ್ನು ನೋಡಿದರೆ ಬ್ಯಾಟರಿ ಕೆಟ್ಟಿದೆ ಎಂದು ನನಗೆ ಅನ್ನಿಸುವುದಿಲ್ಲ.

ಕಾಗದದ ಮೇಲಿನ 123 ಎಂಬುದು ಐಡಿಸಿ ಎಂಬ ಪರೀಕ್ಷೆಯ ಸಂಖ್ಯೆ. ಗಾಡಿಯನ್ನು ಪ್ರಯೋಗಾಲಯದ ರೋಲರ್ ಮೇಲೆ ನಿಲ್ಲಿಸಿ, 108 ಸೆಕೆಂಡಿನ ಒಂದು ಓಟವನ್ನು ಮತ್ತೆ ಮತ್ತೆ ಓಡಿಸಿ ಅದನ್ನು ಪಡೆಯುತ್ತಾರೆ. ಆ ಓಟದ ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ ವೇಗ 22ರ ಹತ್ತಿರ. ಬಿ.ಎಚ್. ರಸ್ತೆಯಲ್ಲಿ ಹಿಂದಿನಿಂದ ಲಾರಿ, ಬಸ್ಸು ಹಾರ್ನ್ ಹೊಡೆಯುತ್ತಿರುವಾಗ 22ರಲ್ಲಿ ಯಾರು ಹೋಗುತ್ತಾರೆ? ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 45ರಲ್ಲಿ ಹೋಗುವುದಕ್ಕೂ 60ರಲ್ಲಿ ಹೋಗುವುದಕ್ಕೂ ಹೋಲಿಸಿದರೆ ಎದುರಿನ ಗಾಳಿ ತಳ್ಳುವ ಬಲ ಒಂದೂ ಮುಕ್ಕಾಲು ಪಟ್ಟು. ಆದ್ದರಿಂದ ಶೋರೂಮಿನವರು 123 ಎಂದು ಹೇಳುವಾಗ, ದಿನಾ ಹೆದ್ದಾರಿಯಲ್ಲಿ ಓಡಿಸುವವರಿಗೆ 85ರಿಂದ 90 ಸಿಗುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಹೇಳದೆ ಮಾರುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಸುಳ್ಳು ಹೇಳದೆಯೂ ಕೊಳ್ಳುವವರಿಗೆ ಮೋಸವಾಗುತ್ತದೆ.

ಬೆಳಿಗ್ಗೆ ಮತ್ತು ಸಂಜೆಯ ವ್ಯತ್ಯಾಸವೇ ನಿಮ್ಮ ಬ್ಯಾಟರಿಯ ಪರವಾಗಿ ಸಾಕ್ಷಿ ಹೇಳುತ್ತಿದೆ. ಮಳೆಗಾಲದ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಭದ್ರಾವತಿಯಿಂದ ಶಿವಮೊಗ್ಗಕ್ಕೆ ನೀವು ಹೋಗುವುದು ವಾಯವ್ಯಕ್ಕೆ. ಬೆಳಿಗ್ಗೆ ಎದುರುಗಾಳಿ, ಹಿಂದೆ ಮಗಳು. ಸಂಜೆ ಬೆನ್ನುಗಾಳಿ, ನೀವೊಬ್ಬರೇ. ಬ್ಯಾಟರಿಯೇ ಕ್ಷೀಣಿಸಿದ್ದರೆ ಎರಡು ಹೊತ್ತೂ ಒಂದೇ ರೀತಿ ಹೆಚ್ಚು ತಿನ್ನಬೇಕಿತ್ತು. ಇದರ ಜೊತೆಗೆ ಒದ್ದೆ ರಸ್ತೆ, ರೇನ್‌ಕೋಟಿನ ಅಗಲ. ಇವೆಲ್ಲ ಸೇರಿ ಎಂಟು ಕಿ.ಮೀ. ಕಡಿಮೆಯಾಗುವುದು ಸಹಜ. ಟೈರಿನ ಗಾಳಿಯನ್ನು ಕೊನೆಯ ಬಾರಿ ಯಾವಾಗ ನೋಡಿದಿರಿ? ಪೆಟ್ರೋಲ್ ಬಂಕಿಗೆ ಹೋಗುವುದು ನಿಂತ ಮೇಲೆ ನಮ್ಮಂಥವರು ಮೊದಲು ಮರೆಯುವುದು ಅದನ್ನೇ.

18ರಿಂದ 9ಕ್ಕೆ ಬಿದ್ದದ್ದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಡಿಸ್‌ಪ್ಲೇಯಲ್ಲಿ ಕಾಣುವ ಶೇಕಡಾವಾರು ಪೆಟ್ರೋಲ್ ಟ್ಯಾಂಕಿನ ಮುಳ್ಳಿನಂತೆ ಅಳೆದದ್ದಲ್ಲ, ಒಳಗಿನ ಬಿಎಂಎಸ್ ಎಂಬ ಸರ್ಕೀಟು ಒಳಬಂದ ಮತ್ತು ಹೊರಹೋದ ಕರೆಂಟನ್ನು ಕೂಡಿ ಕಳೆದು ಮಾಡಿದ ಅಂದಾಜು. ತುಂಬಾ ದಿನ ಪೂರ್ತಿ 100ಕ್ಕೆ ಹೋಗದಿದ್ದರೆ ಆ ಲೆಕ್ಕದಲ್ಲಿ ಸಣ್ಣ ಸಣ್ಣ ತಪ್ಪುಗಳು ಸೇರುತ್ತಾ ಹೋಗುತ್ತವೆ. ಬ್ಯಾಟರಿಯೊಳಗಿನ ಸೆಲ್ಲುಗಳೂ ಒಂದಕ್ಕೊಂದು ಸ್ವಲ್ಪ ಹೆಚ್ಚುಕಡಿಮೆಯಾಗುತ್ತವೆ. ಕಡಿಮೆ ಚಾರ್ಜಿನಲ್ಲಿ ಇರುವಾಗ ಲಾರಿ ಹಿಂದೆ ಹಾಕಲು ಎಕ್ಸಲರೇಟರ್ ಜೋರಾಗಿ ತಿರುವಿದರೆ, ಎಲ್ಲಕ್ಕಿಂತ ದುರ್ಬಲವಾದ ಸೆಲ್ಲಿನ ವೋಲ್ಟೇಜ್ ಕುಸಿದು, ಬಿಎಂಎಸ್ ತನ್ನ ಅಂದಾಜನ್ನು ಒಮ್ಮೆಲೇ ತಿದ್ದಿಕೊಳ್ಳುತ್ತದೆ. ದಿನನಿತ್ಯ 80ಕ್ಕೆ ನಿಲ್ಲಿಸುವ ನಿಮ್ಮ ಅಭ್ಯಾಸ ಒಳ್ಳೆಯದೇ. ಆದರೆ ಎರಡು ಮೂರು ವಾರಕ್ಕೊಮ್ಮೆ ಪೂರ್ತಿ ತುಂಬಿಸಿ, 100 ತೋರಿಸಿದ ಮೇಲೂ ಒಂದೆರಡು ಗಂಟೆ ಪ್ಲಗ್ ತೆಗೆಯದೆ ಬಿಡಿ. ಸೆಲ್ಲುಗಳು ಸಮಗೊಳ್ಳುವುದು ಆ ಹೊತ್ತಿನಲ್ಲಿಯೇ.

ಅಡಿಕೆತೋಟ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೂ ಬ್ಯಾಟರಿ ಸರಿಯಿದೆ ಎಂದು ನಾವೇ ತೀರ್ಮಾನಿಸಿ ಸುಮ್ಮನಿರುವುದು ಬೇಡ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ. 18ರಿಂದ 9ಕ್ಕೆ ಬಿದ್ದ ದಿನಾಂಕ, ಸಮಯ, ಓಡೋಮೀಟರ್ ಸಂಖ್ಯೆ ಹಾಕಿ ಇಮೇಲ್ ಕಳುಹಿಸಿ, ಬ್ಯಾಟರಿಯ ಆರೋಗ್ಯದ ವರದಿಯನ್ನು ಬರಹದಲ್ಲಿ ಕೇಳಿ. ಅದನ್ನು ಅವರು ಲ್ಯಾಪ್‌ಟಾಪ್ ಜೋಡಿಸಿ ಓದಬಲ್ಲರು. ಮುಂದೆ ವಾರಂಟಿಯ ಪ್ರಶ್ನೆ ಬಂದಾಗ ಇವತ್ತಿನ ಆ ಒಂದು ಹಾಳೆ ನಿಮ್ಮ ಕೈಯಲ್ಲಿರಬೇಕು.

ವೈರ್‌ಮನ್, ಹಾಸನ

ಅಕ್ಕಾ, ನಿಮ್ಮ ಮೂರನೆಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ನನ್ನ ಕಣ್ಣಿಗೆ ಅದೇ ಎಲ್ಲಕ್ಕಿಂತ ತುರ್ತಿನದು. ಇಪ್ಪತ್ತೆರಡು ವರ್ಷದಿಂದ ಮನೆಗಳ ವೈರಿಂಗ್ ಕೆಲಸ ಮಾಡುತ್ತಿದ್ದೇನೆ.

ನಿಮ್ಮದು 750 ವ್ಯಾಟಿನ ಚಾರ್ಜರ್ ಆಗಿದ್ದರೆ ಅದು ಎಳೆಯುವ ಕರೆಂಟು ಮೂರೂಕಾಲು ಆಂಪಿಯರ್ ಅಷ್ಟೆ, ಇಸ್ತ್ರಿಪೆಟ್ಟಿಗೆಗಿಂತ ಹೆಚ್ಚಲ್ಲ. ಆದರೆ ಇಸ್ತ್ರಿಪೆಟ್ಟಿಗೆ ಓಡುವುದು ಹತ್ತು ನಿಮಿಷ, ಇದು ಎಲ್ಲರೂ ಮಲಗಿರುವಾಗ ನಾಲ್ಕು ಗಂಟೆ ಓಡುತ್ತದೆ. ಸಾಕೆಟ್ಟಿನೊಳಗಿನ ಹಿತ್ತಾಳೆಯ ಪಟ್ಟಿ ಸಡಿಲವಾಗಿದ್ದರೆ ಆ ನಾಲ್ಕು ಗಂಟೆಯೂ ಅಲ್ಲಿ ಬಿಸಿ ಕೂಡುತ್ತಾ ಹೋಗುತ್ತದೆ. ಇವತ್ತು ರಾತ್ರಿ ಚಾರ್ಜಿಗೆ ಹಾಕಿ ಒಂದು ಗಂಟೆ ಬಿಟ್ಟು, ಸ್ವಿಚ್ ಆರಿಸಿ, ಪ್ಲಗ್ ಎಳೆದು ಪಿನ್ನುಗಳ ಬುಡವನ್ನು ನೋಡಿ. ಕಂದು ಬಣ್ಣದ ಕಲೆ ಇದ್ದರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ, ಆ ಸಾಕೆಟ್ಟಿಗೆ ಮತ್ತೆ ಹಾಕಬೇಡಿ.

ಕೆಂಪು ದೀಪಕ್ಕೆ ಬಹುತೇಕ ಕಾರಣ ಅರ್ಥಿಂಗ್. ಹಳೆಯ ಮನೆಗಳಲ್ಲಿ ಮೂರನೆಯ ತೂತಿಗೆ ತಂತಿಯೇ ಇರುವುದಿಲ್ಲ, ಇಲ್ಲವೇ ಇದ್ದ ತಂತಿ ಮಣ್ಣಿನಲ್ಲಿ ತುಕ್ಕು ಹಿಡಿದು ತುಂಡಾಗಿರುತ್ತದೆ. ಮಲ್ಟಿಮೀಟರ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಒಂದೆರಡು ವೋಲ್ಟ್ ಇದ್ದರೆ ಸರಿ, ಹತ್ತು ಇಪ್ಪತ್ತು ತೋರಿಸಿದರೆ ಹೊಸ ಅರ್ಥ್ ಹಾಕಿಸಲೇಬೇಕು. ಹಾಗೆಯೇ ಕರೆಂಟು ಸೋರಿದರೆ ಲೈನನ್ನು ತಾನಾಗಿ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚೊಂದನ್ನು ಆ ಲೈನಿಗೆ ಕೂಡಿಸಿ. ಮನೆಯ ಮಾಲೀಕರು ಖರ್ಚಿಗೆ ಹಿಂದೇಟು ಹಾಕಿದರೆ, ಅದು ಸ್ಕೂಟರಿಗಾಗಿ ಅಲ್ಲ, ಸ್ನಾನದ ಮನೆಯ ಗೀಸರಿಗೂ ಅದೇ ಅರ್ಥ್ ಕಾವಲು ಎಂದು ತಿಳಿಸಿ ಹೇಳಿ. ಕೆಂಪು ದೀಪ ತಪ್ಪಿಸಲು ಚಾರ್ಜರಿನ ಅರ್ಥ್ ಪಿನ್ ಕಿತ್ತು ಹಾಕುವವರನ್ನು ನಾನೇ ಕಂಡಿದ್ದೇನೆ, ದಯವಿಟ್ಟು ಅಂಥ ಸಲಹೆಯನ್ನು ಯಾರಿಂದಲೂ ಕೇಳಬೇಡಿ. ಒದ್ದೆಯಾಗಿ ಬಂದ ದಿನ ಚಾರ್ಜಿಂಗ್ ಪೋರ್ಟನ್ನು ಒಣಬಟ್ಟೆಯಿಂದ ಒರೆಸಿಯೇ ಹಾಕಿ. ಬ್ಯಾಟರಿ ಪೆಟ್ಟಿಗೆ ನೀರು ತಡೆದೀತು, ಆದರೆ ಚಾರ್ಜರಿಗೆ ಆ ಶಕ್ತಿ ಇರುವುದಿಲ್ಲ.

ಘಾಟಿಮೇಲಿನವ

ನಾನು ಆಗುಂಬೆ ಕಡೆಯವನು. ವಾರಕ್ಕೆರಡು ಬಾರಿ ಎಲೆಕ್ಟ್ರಿಕ್ ಸ್ಕೂಟರಿನಲ್ಲಿಯೇ ಸೋಮೇಶ್ವರಕ್ಕೆ ಇಳಿದು ಹತ್ತುತ್ತೇನೆ. ಮೇಡಂ, ನಿಮ್ಮ ಪ್ರಯಾಣದಲ್ಲಿ ಘಾಟಿಗಿಂತ ಮೊದಲ ಭಾಗವೇ ಕಷ್ಟ. ಭದ್ರಾವತಿಯಿಂದ ತೀರ್ಥಹಳ್ಳಿಗೆ ಹತ್ತಿರ ಹತ್ತಿರ 80 ಕಿ.ಮೀ., ನಿಮಗೆ ಸಿಗುತ್ತಿರುವುದು 82. ಶಿವಮೊಗ್ಗದಲ್ಲಿ ಪರಿಚಯದವರ ಮನೆಯಲ್ಲಿ ಎರಡು ಗಂಟೆ ಚಾರ್ಜ್ ಮಾಡಿಕೊಂಡೇ ಮುಂದೆ ಹೊರಡಿ. 750 ವ್ಯಾಟಿನ ಚಾರ್ಜರ್ ಗಂಟೆಗೆ ಸುಮಾರು 18 ಕಿ.ಮೀ.ಯಷ್ಟು ತುಂಬಿಸಿಕೊಡುತ್ತದೆ. ಮಂಡಗದ್ದೆಯ ಕಾಡಿನ ರಸ್ತೆಯಲ್ಲಿ 45ರ ಮೇಲೆ ಹೋಗುವ ಅಗತ್ಯವೂ ಇಲ್ಲ, ಪಕ್ಕದಲ್ಲಿಯೇ ತುಂಗೆ ಹರಿಯುತ್ತಿರುತ್ತಾಳೆ.

ಘಾಟಿಯ ಲೆಕ್ಕ ಹೀಗಿದೆ. ಏರಬೇಕಾದ ಎತ್ತರ ಸುಮಾರು 500 ಮೀಟರ್. ಗಾಡಿ ಮತ್ತು ಇಬ್ಬರು ಸೇರಿ 240 ಕೆ.ಜಿ. ಎಂದುಕೊಂಡರೆ, ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವುದು ಒಂದು ಯೂನಿಟ್ಟಿನ ಮೂರನೇ ಒಂದು ಭಾಗ. ಮೋಟರಿನ ನಷ್ಟ, ರಸ್ತೆಯ ದೂರ ಸೇರಿದರೆ ನನ್ನ ಗಾಡಿಯಲ್ಲಿ ಇಬ್ಬರಿದ್ದಾಗ ಶೇ 18ರಿಂದ 20 ಖರ್ಚಾಗುತ್ತದೆ. ನಿಮ್ಮ ಬ್ಯಾಟರಿಯೂ ಅಷ್ಟೇ ದೊಡ್ಡದು, ಆದ್ದರಿಂದ ಹೆಬ್ರಿಯಿಂದ ತುಂಬಿಸಿಕೊಂಡು ಹೊರಟರೆ ತೀರ್ಥಹಳ್ಳಿ ಮುಟ್ಟುವುದರಲ್ಲಿ ಸಂಶಯವಿಲ್ಲ. ಹೇರ್‌ಪಿನ್ ತಿರುವಿನಲ್ಲಿ ಬಸ್ಸಿಗೆ ದಾರಿ ಬಿಟ್ಟು ನಿಂತರೆ, ಏರಿನಲ್ಲಿ ಎಕ್ಸಲರೇಟರ್ ಹಿಡಿದು ಗಾಡಿಯನ್ನು ನಿಲ್ಲಿಸಿಕೊಳ್ಳಬೇಡಿ, ಬ್ರೇಕ್ ಹಿಡಿಯಿರಿ. ನಿಂತಲ್ಲಿಯೇ ಕರೆಂಟು ಹರಿದರೆ ಮೋಟರು ಕಾಯುತ್ತದೆ.

ಇಳಿಯುವಾಗ ತಿಳಿದಿರಬೇಕಾದ ಒಂದು ವಿಷಯವನ್ನು ನಾನು ಪೆಟ್ಟು ತಿನ್ನುವ ಹಂತಕ್ಕೆ ಹೋಗಿ ಕಲಿತೆ. ಎಕ್ಸಲರೇಟರ್ ಬಿಟ್ಟಾಗ ಗಾಡಿ ತಾನಾಗಿ ಹಿಡಿದುಕೊಂಡಂತಾಗಿ ಬ್ಯಾಟರಿಗೆ ಸ್ವಲ್ಪ ಚಾರ್ಜ್ ವಾಪಸ್ ಹೋಗುತ್ತದಲ್ಲ, ಬ್ಯಾಟರಿ ಪೂರ್ತಿ ತುಂಬಿದ್ದರೆ ಆ ಹಿಡಿತ ಇರುವುದಿಲ್ಲ, ಏಕೆಂದರೆ ವಾಪಸ್ ಬಂದ ಕರೆಂಟಿಗೆ ಹೋಗಲು ಜಾಗವಿರುವುದಿಲ್ಲ. ಮನೆಯಲ್ಲಿ 100 ಮಾಡಿಕೊಂಡು ಹೊರಟ ಒಂದು ಬೆಳಿಗ್ಗೆ, ಮೊದಲನೆಯ ತಿರುವಿನಲ್ಲಿ ರೂಢಿಯಂತೆ ಎಕ್ಸಲರೇಟರ್ ಬಿಟ್ಟೆ. ಗಾಡಿ ನ್ಯೂಟ್ರಲ್‌ನಲ್ಲಿ ಇದ್ದಂತೆ ಜಾರಿಕೊಂಡು ಹೋಯಿತು. ಎರಡೂ ಬ್ರೇಕ್ ಒತ್ತಿ ಹಿಡಿದು ಕೆಳಗೆ ಬರುವಷ್ಟರಲ್ಲಿ ಡಿಸ್ಕಿನಿಂದ ಕಮಟು ವಾಸನೆ ಬರುತ್ತಿತ್ತು. ಅಂದಿನಿಂದ ಇಳಿಯುವ ದಿನ 85ಕ್ಕೇ ನಿಲ್ಲಿಸುತ್ತೇನೆ, ಸೋಮೇಶ್ವರ ಮುಟ್ಟುವಾಗ ಹೊರಟದ್ದಕ್ಕಿಂತ ಎರಡು ಮೂರು ಶೇಕಡಾ ಹೆಚ್ಚೇ ಇರುತ್ತದೆ. ನೀವು ತೀರ್ಥಹಳ್ಳಿಯಲ್ಲಿ ತುಂಬಿಸಿಕೊಂಡರೂ ಆಗುಂಬೆಗೆ ಬರುವಷ್ಟರಲ್ಲಿ ಸಾಕಷ್ಟು ಇಳಿದಿರುತ್ತದೆ, ಆದ್ದರಿಂದ ನಿಮಗೆ ಈ ತೊಂದರೆ ಬಾರದು. ಮಳೆ ಹಿಡಿದಿದ್ದರೆ ಮಾತ್ರ ಒಂದು ದಿನ ತಡವಾದರೂ ಸರಿ, ಬಿಸಿಲು ಬಿದ್ದ ಮೇಲೆಯೇ ಇಳಿಯಿರಿ.

ಭದ್ರಾತೀರ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಹದಿನೈದು ದಿನಗಳಲ್ಲಿ ಆದದ್ದನ್ನು ತಿಳಿಸುತ್ತೇನೆ.

ವೈರ್‌ಮನ್ ಅಣ್ಣ ಹೇಳಿದಂತೆ ಅಂದು ರಾತ್ರಿಯೇ ಪ್ಲಗ್ ಎಳೆದು ನೋಡಿದೆ. ಒಂದು ಪಿನ್ನಿನ ಬುಡದಲ್ಲಿ ಬೆಲ್ಲದ ಬಣ್ಣದ ಉಂಗುರ ಕಟ್ಟಿತ್ತು, ಸಾಕೆಟ್ಟಿನ ತೂತು ಅಂಡಾಕಾರವಾಗಿ ಕರಗಿತ್ತು. ಗೋಡೆಯ ಆಚೆಗೇ ಮಗಳ ಹಾಸಿಗೆ. ನೋಡಿ ಕೈಕಾಲು ತಣ್ಣಗಾಯಿತು. ಎಲೆಕ್ಟ್ರಿಷಿಯನ್ ಅಳೆದಾಗ ನ್ಯೂಟ್ರಲ್ ಮತ್ತು ಅರ್ಥ್ ನಡುವೆ 31 ವೋಲ್ಟ್ ಇತ್ತು. ಮಾಲೀಕರು ಮೊದಲು ಒಪ್ಪಲಿಲ್ಲ, ಕರಗಿದ ಸಾಕೆಟ್ಟನ್ನು ಕೈಗೆ ಕೊಟ್ಟ ಮೇಲೆ ಅರ್ಧ ಖರ್ಚು ತಾವೇ ಹಾಕಿಕೊಂಡರು. ಹೊಸ ಅರ್ಥ್ ಹಾಕಿಸಿದ ಮೇಲೆ ಕೆಂಪು ದೀಪ ಒಮ್ಮೆಯೂ ಬಂದಿಲ್ಲ.

ಹಿಂದಿನ ಟೈರಿನಲ್ಲಿ 30 ಇರಬೇಕಾದ ಗಾಳಿ 18 ಇತ್ತು. ಅದನ್ನು ಸರಿಪಡಿಸಿ, ಎರಡು ಬಾರಿ 100ರವರೆಗೆ ತುಂಬಿಸಿ, ವೇಗವನ್ನು 50ಕ್ಕೆ ಇಳಿಸಿದ ಮೇಲೆ ಬೆಳಿಗ್ಗೆ ಶೇ 25, ಸಂಜೆ ಶೇ 21 ಖರ್ಚಾಗುತ್ತಿದೆ, ಅಂದರೆ ಒಂದು ಚಾರ್ಜಿಗೆ 91 ಕಿ.ಮೀ. ಶಾಲೆಗೆ ನಾಲ್ಕು ನಿಮಿಷ ಮೊದಲು ಹೊರಡುತ್ತೇನೆ. ಮೊನ್ನೆ 14ರವರೆಗೆ ಇಳಿಸಿಯೂ ನೋಡಿದೆ, ಅಂಕಿ ಒಂದೊಂದಾಗಿಯೇ ಇಳಿಯಿತು. ಬ್ಯಾಟರಿಯ ವರದಿಗಾಗಿ ಇಮೇಲ್ ಕಳುಹಿಸಿ ಒಂಬತ್ತು ದಿನವಾಯಿತು, ಉತ್ತರ ಬಂದಿಲ್ಲ. ನಾಳೆ ಮತ್ತೊಮ್ಮೆ ಬರೆಯುತ್ತೇನೆ.

ಘಾಟಿಮೇಲಿನ ಅಣ್ಣನವರಿಗೆ ಒಂದು ಪ್ರಶ್ನೆ ಉಳಿದಿದೆ. ಹಿಂತಿರುಗಿ ಏರುವಾಗ ಮಗಳೂ ಜೊತೆಗಿರುತ್ತಾಳೆ, ಅಮ್ಮ ಕೊಡುವ ತೆಂಗಿನಕಾಯಿ, ಕುಚ್ಚಲಕ್ಕಿ ಎಲ್ಲ ಸೇರಿ ಇನ್ನೂ 15 ಕೆ.ಜಿ. ಆಗಬಹುದು. ಇಕೋ ಮೋಡಿನಲ್ಲಿಯೇ ಏರಬಹುದೇ, ಇಲ್ಲವೇ ತಿರುವುಗಳಲ್ಲಿ ಮೋಡ್ ಬದಲಿಸಬೇಕೇ?

ಘಾಟಿಮೇಲಿನವ

ಇಕೋ ಬೇಡ, ಕಡಿದಾದ ತಿರುವಿನಲ್ಲಿ ಬಲ ಸಾಲದೆ ಗಾಡಿ ನಿಂತೀತು. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಮೋಡಿನಲ್ಲಿ, 25ರಿಂದ 30ರ ವೇಗದಲ್ಲಿ ನಿಧಾನವಾಗಿ ಏರಿ. ತೆಂಗಿನಕಾಯಿಯ ಚೀಲವನ್ನು ಸೀಟಿನ ಹಿಂದೆ ಕಟ್ಟಬೇಡಿ, ಮುಂದಿನ ಚಕ್ರ ಹಗುರಾಗುತ್ತದೆ; ಕಾಲಿಡುವ ಜಾಗದಲ್ಲಿಯೇ ಇರಲಿ.