‘ಪಿಡಿಎಫ್ ತೆಗೆಯಿರಿ, ಬ್ಲೀಡ್ ಬಿಡಿ’: ಮುದ್ರಣದ ಸೂಚನೆಗಳಲ್ಲಿ ಎರಡು ಕ್ರಿಯಾಪದಗಳು

ಸ್ವಂತ ಖರ್ಚಿನಲ್ಲಿ ಪುಸ್ತಕ ಅಚ್ಚು ಹಾಕಿಸುವ ಕೋಲಾರದ ಬರಹಗಾರ ಮಿತ್ರರಿಗಾಗಿ ಒಂದು ಪುಟ್ಟ ಸೂಚನಾಪತ್ರವನ್ನು ಸಿದ್ಧಪಡಿಸುತ್ತಿದ್ದೇನೆ. ಮುದ್ರಣಾಲಯಕ್ಕೆ ಫೈಲು ಕಳುಹಿಸುವ ಮುನ್ನ ಏನೇನು ನೋಡಿಕೊಳ್ಳಬೇಕು, ಫೈಲು ಹಿಂದಕ್ಕೆ ಬಂದರೆ ತಪ್ಪು ಎಲ್ಲಿರಬಹುದು ಎಂಬುದು ಅದರ ವಿಷಯ. ತಾಂತ್ರಿಕ ವಿವರಗಳನ್ನು ಬರೆಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ತೊಡಕಾಗಿರುವುದು ಕ್ರಿಯಾಪದಗಳು, ಅದರಲ್ಲಿಯೂ ಮುದ್ರಣಾಲಯದವರ ಬಾಯಲ್ಲಿ ಸದಾ ಇರುವ ‘ತೆಗೆ’ ಮತ್ತು ‘ಬಿಡು’.

ಮೊದಲು ‘ತೆಗೆ’ಯನ್ನು ನೋಡೋಣ. ತಂತ್ರಾಂಶಗಳ ಕನ್ನಡ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಎಂಬುದಕ್ಕೆ ‘ರಫ್ತು’ ಎಂದು ಹಾಕಿರುವುದುಂಟು. ಶ್ರೀನಿವಾಸಪುರದ ಮಾವು, ಕೋಲಾರದ ಎಪಿಎಂಸಿಯ ಟೊಮೆಟೊ ಲಾರಿಯೇರುವುದನ್ನು ನೋಡುತ್ತ ಬೆಳೆದವರಿಗೆ ರಫ್ತು ಎಂದರೆ ಸರಕು ಇಲ್ಲಿಂದ ಹೊರಟು ಹೋಗುವುದೇ ಹೊರತು ಬೇರೆಯಲ್ಲ. ಮೂಲ ಫಾರಸಿಯಲ್ಲಿಯೂ ‘ಆಮದ್’ ಎಂದರೆ ಬಂದಿತು, ‘ರಫ್ತ್’ ಎಂದರೆ ಹೋಯಿತು. ಪುಸ್ತಕದ ಫೈಲಿನಲ್ಲಿ ಆಗುವುದು ಇದಲ್ಲ. ಮೂಲ ಫೈಲು ಇದ್ದಲ್ಲಿಯೇ ಇರುತ್ತದೆ. ನಾವು ಆರಿಸಿದ ಆಯ್ಕೆಗಳಿಗೆ ತಕ್ಕಂತೆ ಅದರಿಂದ ಹೊಸದೊಂದು ಫೈಲು ಸಿದ್ಧವಾಗುತ್ತದೆ, ಆಯ್ಕೆ ತಪ್ಪಿದರೆ ಹೊಸ ಫೈಲೂ ತಪ್ಪಾಗುತ್ತದೆ. ಆದ್ದರಿಂದ ರಫ್ತನ್ನು ಕೈಬಿಟ್ಟು, ಡಿಟಿಪಿಯವರೆಲ್ಲ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವವರು) ಆಡುವ ‘ಪಿಡಿಎಫ್ ತೆಗೆಯಿರಿ’ ಎಂಬುದನ್ನೇ ಬರೆದೆ. ಫೋಟೋ ತೆಗೆಯುವುದು, ಪ್ರಿಂಟ್ ತೆಗೆಯುವುದು ಎಂಬ ಸಾಲಿಗೆ ಅದು ಸಹಜವಾಗಿಯೇ ಸೇರುತ್ತದೆ. ಆದರೆ ಬಾಗಿಲನ್ನೂ ತೆಗೆಯುತ್ತೇವೆ, ಕಲೆಯನ್ನೂ ತೆಗೆಯುತ್ತೇವೆ. ಕರಡು ಓದಿದ ಹಿರಿಯರೊಬ್ಬರು ‘ಪಿಡಿಎಫ್ ತೆಗೆದು, ಫಾಂಟುಗಳನ್ನು ಪರೀಕ್ಷಿಸಿ’ ಎಂಬ ವಾಕ್ಯವನ್ನು ಪಿಡಿಎಫ್ ಅನ್ನು ತೆರೆದು ನೋಡಿ ಎಂದೇ ಅರ್ಥ ಮಾಡಿಕೊಂಡರು. ಇನ್ನೊಬ್ಬರು, ವರ್ಡ್ ಫೈಲನ್ನು ಉಳಿಸಿಕೊಂಡು ಪಿಡಿಎಫ್ ಅನ್ನು ಅಳಿಸಬೇಕೇ ಎಂದು ಕೇಳಿದರು. ಮಾತಿನಲ್ಲಿ ಎದುರಿಗಿರುವ ಪರದೆಯೇ ಅರ್ಥವನ್ನು ನಿರ್ಣಯಿಸಿಬಿಡುತ್ತದೆ. ಕಾಗದದ ಮೇಲಿನ ಸೂಚನೆಗೆ ಆ ಆಸರೆ ಇರುವುದಿಲ್ಲ.

‘ಬಿಡು’ವಿನ ತೊಡಕು ಇದಕ್ಕಿಂತ ದುಬಾರಿಯಾದದ್ದು. ಮುಖಪುಟದ ಬಣ್ಣ ಅಥವಾ ಚಿತ್ರ ಕಾಗದದ ಅಂಚಿನವರೆಗೂ ಬರಬೇಕಾದರೆ ಅದನ್ನು ಅಂಚಿನಿಂದಾಚೆಗೆ ಸಾಮಾನ್ಯವಾಗಿ 3 ಮಿಲಿಮೀಟರಿನಷ್ಟು ಹೆಚ್ಚಾಗಿ ಚಾಚಿರಬೇಕು; ಹೀಗೆ ಚಾಚಿದ ಭಾಗವೇ ಬ್ಲೀಡ್. ಕಟಿಂಗ್ ಯಂತ್ರದ ಅಲಗು ಕೂದಲೆಳೆಯಷ್ಟು ಸರಿದರೂ ಬಿಳಿಯ ಗೆರೆ ಕಾಣಬಾರದೆಂಬುದೇ ಇದರ ಉದ್ದೇಶ. ಡೆಮಿ 1/8 ಎಂದು ಕರೆಯುವ, ಸುಮಾರು 140 ಮಿಲಿಮೀಟರ್ ಅಗಲ ಹಾಗೂ 216 ಮಿಲಿಮೀಟರ್ ಎತ್ತರದ ಪುಟವು ಬ್ಲೀಡ್ ಸೇರಿದಾಗ 146 ಮತ್ತು 222 ಆಗಬೇಕು. ಇದನ್ನು ಮುದ್ರಣಾಲಯದವರು ‘ಸುತ್ತಲೂ ಬ್ಲೀಡ್ ಬಿಡಿ’ ಎನ್ನುತ್ತಾರೆ. ಜಾಗ ಬಿಡಿ, ಮಾರ್ಜಿನ್ ಬಿಡಿ ಎಂಬ ಅರ್ಥದಲ್ಲಿ ಇದು ಸರಿಯಾದ ಕನ್ನಡವೇ. ಆದರೆ ಕಾಫಿ ಬಿಡಿ, ಆ ಮಾತು ಬಿಡಿ ಎಂಬ ಅರ್ಥದಲ್ಲಿ ಓದಿಕೊಂಡವರು ಬ್ಲೀಡ್ ಬೇಡವೆಂದೇ ತಿಳಿಯುತ್ತಾರೆ. ಮಾರ್ಜಿನ್ನಿನ ಅರ್ಥವನ್ನೇ ಹಿಡಿದವರು ಅಂಚಿನಲ್ಲಿ 3 ಮಿಲಿಮೀಟರ್ ಖಾಲಿ ಜಾಗವನ್ನು ಉಳಿಸುತ್ತಾರೆ. ಅದು ಬೇಕಾದುದಕ್ಕೆ ಪೂರ್ತಿ ತಿರುಗುಮುರುಗು. ‘ಚಿತ್ರವನ್ನು ಅಂಚಿನಾಚೆಗೆ 3 ಮಿ.ಮೀ. ಚಾಚಿ’ ಎಂದು ಬರೆದರೆ ಎರಡು ಗೊಂದಲಗಳೂ ತಪ್ಪುತ್ತವೆ ಎಂಬುದು ನನ್ನ ಅಭಿಪ್ರಾಯ. ಇಷ್ಟಾದ ಮೇಲೂ, ಪುಟದಲ್ಲಿ ಚಾಚಿದ್ದು ಪಿಡಿಎಫ್‌ನಲ್ಲಿ ತಾನಾಗಿಯೇ ಬರುವುದಿಲ್ಲ. ಇನ್‌ಡಿಸೈನ್‌ನಂತಹ ತಂತ್ರಾಂಶದಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಬ್ಲೀಡ್ ಸೇರಿಸುವ ಆಯ್ಕೆಗೆ ಗುರುತು ಹಾಕದಿದ್ದರೆ, ಚಾಚಿದ ಭಾಗವೆಲ್ಲ ಕತ್ತರಿಸಿಹೋಗುತ್ತದೆ.

ಅತಿ ಹೆಚ್ಚು ದೂರು ಬರುವುದು ಅಕ್ಷರಗಳ ಬಗ್ಗೆ, ಮತ್ತು ಇಲ್ಲಿ ತೊಂದರೆ ನಾಮಪದ, ಕ್ರಿಯಾಪದ ಎರಡರಲ್ಲಿಯೂ ಇದೆ. ಪಿಡಿಎಫ್ ಕೆಟ್ಟಾಗಲೆಲ್ಲ ನಾವು ‘ಅಕ್ಷರ ಒಡೆದಿದೆ’ ಎಂಬ ಒಂದೇ ಮಾತನ್ನು ಆಡುತ್ತೇವೆ. ಆದರೆ ಕೆಡುವ ಬಗೆಗಳು ಬೇರೆ, ಅವುಗಳ ಮದ್ದೂ ಬೇರೆ. ಹಳೆಯ ನುಡಿ, ಶ್ರೀಲಿಪಿಗಳಂತಹ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಲಾಗಿದೆ. ಪಿಡಿಎಫ್‌ನೊಳಗೆ ಆ ಫಾಂಟು ಸೇರದಿದ್ದರೆ, ಅದಿಲ್ಲದ ಕಂಪ್ಯೂಟರಿನಲ್ಲಿ ಬೇರೊಂದು ಫಾಂಟು ಆ ಸ್ಥಾನಕ್ಕೆ ಬಂದು, ಪುಟದ ತುಂಬ ರೋಮನ್ ಅಕ್ಷರಗಳೂ ತಲೆಯ ಮೇಲೆ ಚುಕ್ಕೆ ಗೆರೆ ಹೊತ್ತ ಐರೋಪ್ಯ ಅಕ್ಷರಗಳೂ ಕಾಣಿಸಿಕೊಳ್ಳುತ್ತವೆ. ಇಲ್ಲಿ ಅಕ್ಷರ ಒಡೆದಿಲ್ಲ, ಬದಲಾಗಿದೆ. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್ ಪಠ್ಯದಲ್ಲಿ ಆಗುವುದು ಇನ್ನೊಂದು ಬಗೆ: ‘ಸಂಸ್ಕೃತಿ’ಯಂತಹ ಪದದಲ್ಲಿ ಒತ್ತಕ್ಷರವು ಕೆಳಗಿಳಿಯದೆ, ಅರ್ಧಾಕ್ಷರದ ಗುರುತಿನೊಡನೆ ಪಕ್ಕದಲ್ಲಿಯೇ ನಿಂತುಬಿಡುತ್ತದೆ. ಇದು ನಿಜವಾಗಿಯೂ ಒಡೆದದ್ದು. ಫಾಂಟನ್ನು ಎಷ್ಟು ಜಾಗರೂಕತೆಯಿಂದ ಸೇರಿಸಿದರೂ ಇದು ಸರಿಹೋಗುವುದಿಲ್ಲ, ಏಕೆಂದರೆ ಪುಟ ಜೋಡಿಸಿದ ತಂತ್ರಾಂಶವೇ ಗುಣಿತ ಒತ್ತುಗಳನ್ನು ಕೂಡಿಸಲಿಲ್ಲ. ಇನ್‌ಡಿಸೈನ್ ಆದರೆ ಈ ಕೂಡಿಸುವಿಕೆಯನ್ನು ಮಾಡುವ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿ, ಮತ್ತೊಮ್ಮೆ ಪಿಡಿಎಫ್ ಮಾಡಬೇಕು. ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು. 2001ರ ಅದರ ಕೊನೆಯ ಆವೃತ್ತಿಗೂ ತಿಳಿಯದು. ಹಾಗಾಗಿ ಅದನ್ನೇ ನೆಚ್ಚಿಕೊಂಡಿರುವ ಕಡೆ ಪಠ್ಯವನ್ನು ಹಳೆಯ ಫಾಂಟಿಗೆ ಪರಿವರ್ತಿಸುತ್ತಾರೆ. ಆ ಪರಿವರ್ತನೆಯಲ್ಲಿ ಕಣ್ಣಿಗೆ ಕಾಣದ ಜೋಡಕವೊಂದು ಬಿದ್ದುಹೋದರೆ ‘ರ‍್ಯಾಂಕ್’ ಎಂಬುದು ‘ರ್ಯಾಂಕ್’ ಆಗಿ ಅರ್ಕಾವತ್ತು ತಲೆದೋರುತ್ತದೆ. ಇದು ಒಡೆದದ್ದೂ ಅಲ್ಲ, ಬದಲಾದದ್ದೂ ಅಲ್ಲ; ಕರಡು ತಿದ್ದುವವರಲ್ಲದೆ ಬೇರಾರೂ ಹಿಡಿಯಲಾರದ ಮೂರನೆಯ ಬಗೆ. ನಾಲ್ಕನೆಯದನ್ನು ತೊಂದರೆ ಎನ್ನುವುದೇ ತಪ್ಪು: ಪಿಡಿಎಫ್‌ನಿಂದ ಸಾಲೊಂದನ್ನು ನಕಲು ಮಾಡಿ ಅಂಟಿಸಿದಾಗ ಅಕ್ಷರಗಳು ಅಸ್ತವ್ಯಸ್ತವಾಗಿ ಬಂದರೂ, ಪುಟ ಕಣ್ಣಿಗೆ ಸರಿಯಾಗಿ ಕಾಣುತ್ತಿದ್ದು ಫಾಂಟು ಒಳಗಿದ್ದರೆ ಅಚ್ಚಿಗೆ ಯಾವ ಬಾಧೆಯೂ ಇಲ್ಲ. ‘ಬದಲಾಗಿದೆ’, ‘ಒಡೆದಿದೆ’, ‘ತಪ್ಪಾಗಿ ಕೂಡಿದೆ’ ಎಂಬ ಮೂರನ್ನು ಬೇರೆ ಬೇರೆಯಾಗಿ ಬಳಸುವ ರೂಢಿಯಾದರೆ, ಫೋನಿನಲ್ಲಿ ದೂರು ಹೇಳುವಾಗಲೇ ಅರ್ಧ ಪರಿಹಾರ ದೊರೆಯುತ್ತದೆ.

ಫಾಂಟನ್ನು ಎಂಬೆಡ್ ಮಾಡುವುದಕ್ಕೆ ‘ಹುದುಗಿಸು’, ‘ಅಡಕಗೊಳಿಸು’ ಎಂಬ ರೂಪಗಳನ್ನು ಕಂಡಿದ್ದೇನೆ. ಹುದುಗುವುದರಲ್ಲಿ ಅವಿತುಕೊಳ್ಳುವ ಛಾಯೆಯಿದೆ, ಅಡಕದಲ್ಲಿ ಚಿಕ್ಕದಾಗುವ ಛಾಯೆಯಿದೆ. ಎರಡೂ ಇಲ್ಲಿಗೆ ಬೇಡ. ಬರಿಯ ‘ಸೇರಿಸಿ’ ಎಂದರೆ ಫಾಂಟಿನ ಫೈಲನ್ನೇ ಬೇರೆಯಾಗಿ ಮಿಂಚಂಚೆಗೆ ಲಗತ್ತಿಸುವವರಿದ್ದಾರೆ. ಆದ್ದರಿಂದ ‘ಪಿಡಿಎಫ್‌ನ ಒಳಗೆ ಸೇರಿಸಿ’ ಎಂದು ಬಿಡಿಸಿ ಬರೆದಿದ್ದೇನೆ. ಅಡೋಬ್ ರೀಡರ್‌ನಲ್ಲಿ ಪ್ರಾಪರ್ಟೀಸ್‌ನ ಫಾಂಟ್ಸ್ ಪಟ್ಟಿಯನ್ನು ನೋಡಿದರೆ, ಒಳಸೇರಿದ ಪ್ರತಿಯೊಂದು ಫಾಂಟಿನ ಮುಂದೆಯೂ ಎಂಬೆಡೆಡ್ ಎಂಬ ಗುರುತು ಇರುತ್ತದೆ. ಪಿಡಿಎಫ್/ಎಕ್ಸ್-1ಎ ಎಂಬ ಮುದ್ರಣ ಮಾದರಿಯಲ್ಲಂತೂ ಎಲ್ಲ ಫಾಂಟುಗಳೂ ಒಳಗಿರಲೇಬೇಕು.

ಕಪ್ಪಿನ ವಿಷಯದಲ್ಲಿ ಚರ್ಚೆ ಹೆಚ್ಚು ಬೇಕಿಲ್ಲ. ಆರ್‌ಜಿಬಿಯಲ್ಲಿರುವ (ಪರದೆಯ ಬಣ್ಣಪದ್ಧತಿ) ಕಪ್ಪನ್ನು ಸಿಎಂವೈಕೆಗೆ (ನಾಲ್ಕು ಶಾಯಿಗಳ ಮುದ್ರಣಪದ್ಧತಿ) ಪರಿವರ್ತಿಸಿದಾಗ ಅದು ನಾಲ್ಕೂ ಶಾಯಿಗಳಲ್ಲಿ ಹಂಚಿಹೋಗಬಹುದು. ಶಾಯಿಗೊಂದರಂತೆ ಇರುವ ನಾಲ್ಕು ಅಚ್ಚಿನ ಪ್ಲೇಟುಗಳಲ್ಲಿ ಒಂದು ಚೂರು ಸರಿದರೂ ಸಣ್ಣ ಒತ್ತಕ್ಷರಗಳ ಅಂಚಿನಲ್ಲಿ ಬಣ್ಣದ ನೆರಳು ಮೂಡುತ್ತದೆ. ‘ಒಂಟಿ ಕಪ್ಪು’ ಮತ್ತು ‘ನಾಲ್ಶಾಯಿ ಕಪ್ಪು’ ಎಂದು ಬರೆದಿದ್ದೇನೆ. ಎರಡನೆಯದು ನನಗೇ ಅಷ್ಟು ಹಿಡಿಸಿಲ್ಲ.

ಈಗ ಉಳಿದಿರುವ ಪ್ರಶ್ನೆ ಎಕ್ಸ್‌ಪೋರ್ಟಿನದು. ‘ಪಿಡಿಎಫ್ ಮಾಡಿ’ ಎಂಬುದು ಸ್ಪಷ್ಟವಾಗಿಯೇ ಇದೆ, ಆದರೆ ಅದರಿಂದ ‘ಪಿಡಿಎಫ್ ಮಾಡುವಾಗಿನ ಆಯ್ಕೆಗಳು’ ಎಂಬಂತಹ ಉದ್ದನೆಯ ರೂಪಗಳಲ್ಲದೆ ಚಿಕ್ಕದಾದ ನಾಮಪದವೊಂದು ಹುಟ್ಟುತ್ತಿಲ್ಲ. ಚಿಕ್ಕಬಳ್ಳಾಪುರ, ತುಮಕೂರುಗಳ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುವ ಕಾಲದಿಂದ ಆಫ್‌ಸೆಟ್‌ವರೆಗೆ ಕೆಲಸ ಮಾಡಿದವರು, ಜೋಡಿಸಿದ ಪುಟದಿಂದ ಅಚ್ಚಿಗೆ ಹೋಗುವ ಪ್ರತಿಯನ್ನು ಸಿದ್ಧಪಡಿಸುವುದಕ್ಕೆ ‘ತೆಗೆ’ಯಲ್ಲದೆ ಬೇರೆ ಮಾತನ್ನು ಬಳಸುತ್ತಿದ್ದರೆ, ಆ ಮಾತು ಯಾವುದು, ಅದನ್ನು ಯಾವ ವಾಕ್ಯದಲ್ಲಿ ಹೇಗೆ ಆಡುತ್ತಿದ್ದರು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.