ಇಎನ್8 ಪಾಕೆಟ್ ಮೂಲೆಯಲ್ಲಿ 10 ಎಂಎಂ ಎಂಡ್‌ಮಿಲ್ ಮುರೀತಿದೆ, ಆಳವೂ ನಿಲ್ತಿಲ್ಲ

ಕರೂರು_ವಿಎಂಸಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮೆಕ್ಕೆಜೋಳ ಒಕ್ಕುವ ಮಿಷನ್ನಿಗೆ ಬೇರಿಂಗ್ ಬ್ಲಾಕ್ ಮಾಡೋ ಕೆಲಸ ಇದು. ಇಎನ್8 (ಮಧ್ಯಮ ಕಾರ್ಬನ್ ಉಕ್ಕು) ಪ್ಲೇಟ್, ಪಾಕೆಟ್ (ಒಳಗೆ ಕೊರೆಯೋ ಗುಂಡಿ) 80 × 60, ಆಳ 20 ಎಂಎಂ, ಮೂಲೆ ಆರ್6 (6 ಎಂಎಂ ರೇಡಿಯಸ್). ಬಿಟಿ40 ಹೋಲ್ಡರ್‌ನ ವಿಎಂಸಿ (ಪ್ರೋಗ್ರಾಂ ಮೇಲೆ ಓಡೋ ಮಿಲ್ಲಿಂಗ್ ಮಿಷನ್), ಸ್ಪಿಂಡಲ್ 6000 ಆರ್‌ಪಿಎಂ ತನಕ ಹೋಗುತ್ತೆ, ಫ್ಯಾನಕ್ ಕಂಟ್ರೋಲ್.

ರಫಿಂಗ್‌ಗೆ (ಮೊದಲ ಒರಟು ಕಟಿಂಗ್) 10 ಎಂಎಂ 4 ಫ್ಲೂಟ್ (ಹಲ್ಲು) ಕಾರ್ಬೈಡ್ ಎಂಡ್‌ಮಿಲ್, ಟೂಲ್ ಹಿಡಿಯೋ ಇಆರ್32 ಕಾಲೆಟ್‌ನಲ್ಲಿ. ಎಸ್2500 (ಆರ್‌ಪಿಎಂ), ಎಫ್400 (ಫೀಡ್, ನಿಮಿಷಕ್ಕೆ ಎಂಎಂ), ಒಂದು ಪಾಸ್‌ಗೆ 2 ಎಂಎಂ ಆಳ, ಸ್ಟೆಪ್‌ಓವರ್ (ಪ್ರತಿ ಸಲ ಪಕ್ಕಕ್ಕೆ ಸರಿಯೋದು) 6. ನೇರ ಗೋಡೆಯಲ್ಲಿ ಸದ್ದೇ ಇಲ್ಲ. ಮೂಲೆಗೆ ಬಂದ ಕೂಡಲೇ ಕಿರ್ ಅನ್ನುತ್ತೆ, ಆಳ 12–14 ದಾಟಿದ ಮೇಲೆ ಅಲ್ಲೇ ಮುರಿಯುತ್ತೆ. ಮುರಿಯದೆ ಮುಗಿದ ಪೀಸ್‌ಗಳಲ್ಲಿ ತಳ 0.1 ತನಕ ಜಾಸ್ತಿ ಆಳ ಬರ್ತಿದೆ. ಆಮೇಲೆ 8 ಎಂಎಂನಲ್ಲಿ ಫಿನಿಶಿಂಗ್‌ಗೆ ಜಿ41 (ದಾರಿಯನ್ನು ಟೂಲ್ ರೇಡಿಯಸ್‌ನಷ್ಟು ಎಡಕ್ಕೆ ಸರಿಸೋ ಕೋಡ್) ಹಾಕಿದರೆ 41ನೇ ಅಲಾರಂ. ಮೂರಕ್ಕೂ ಒಂದೇ ಕಾರಣ ಇರಬಹುದಾ?

ಹರಿಹರ_ಟೂಲ್‌ರೂಮ್

ಒಂದೇ ಕಾರಣ ಅಲ್ಲ, ಮೂರೂ ಬೇರೆ ಬೇರೆ. ಮೊದಲು ಮೂಲೆಯ ವಿಷಯ ನೋಡೋಣ.

10 ಎಂಎಂ ಟೂಲ್‌ಗೆ 6 ಎಂಎಂ ಸ್ಟೆಪ್‌ಓವರ್ ಕೊಟ್ಟಾಗ ನೇರ ದಾರಿಯಲ್ಲೇ ಸುಮಾರು 101 ಡಿಗ್ರಿಯಷ್ಟು ಟೂಲ್ ಲೋಹದಲ್ಲಿ ಹೂತಿರುತ್ತೆ. ಚೌಕ ಮೂಲೆಗೆ ತಿರುಗುವಾಗ ಎದುರಿನ ಗೋಡೆಯೂ ಸೇರಿ ಅದು ಪೂರ್ತಿ 180 ಡಿಗ್ರಿ ಆಗುತ್ತೆ. ಅಂದರೆ ಆ ಕ್ಷಣ ನಿಮ್ಮದು ಸ್ಲಾಟ್ ಕಟಿಂಗ್. ಫೀಡ್ ಮಾತ್ರ ಅದೇ 400. ಟೂಲ್ ಬಾಗುತ್ತೆ, ಗೋಡೆಗೆ ಉಜ್ಜುತ್ತೆ, ಕಿರ್ ಅನ್ನೋ ಸದ್ದು ಅದೇ. ಇನ್ನೊಂದು, ಆರ್6 ಮೂಲೆಗೆ ಆರ್5 ಟೂಲ್ ಕಳಿಸಿದರೆ ಟೂಲ್ ಸೆಂಟರ್ ತಿರುಗೋದು ಬರೀ 1 ಎಂಎಂ ರೇಡಿಯಸ್‌ನಲ್ಲಿ. ಮಿಷನ್ ಪಾಲಿಗೆ ಅದು ನಿಂತು ತಿರುಗಿದ ಹಾಗೇ. ಆದ್ದರಿಂದ 10 ಎಂಎಂ ಟೂಲ್ ಮೂಲೆಯಲ್ಲಿ ಆರ್8 ಬಿಟ್ಟು ಬರಲಿ, ಉಳಿದದ್ದನ್ನು 8 ಎಂಎಂ ತೆಗೆಯಲಿ.

ಕ್ಯಾಮ್‌ನಲ್ಲಿ (ಟೂಲ್ ದಾರಿ ಬರೆಯೋ ಸಾಫ್ಟ್‌ವೇರ್) ಅಡಾಪ್ಟಿವ್ ಅಥವಾ ಟ್ರೋಕಾಯ್ಡಲ್ (ಲೋಡ್ ಒಂದೇ ಸಮ ಇರೋ ಹಾಗೆ ಸುತ್ತುವ ದಾರಿ) ಇದ್ದರೆ ದಾರಿಯನ್ನೇ ಬದಲಿಸಿ. ಸ್ಟೆಪ್‌ಓವರ್ 1 ಎಂಎಂ, ಆಳ ಒಂದೇ ಏಟಿಗೆ 19.8. ಟೂಲ್‌ನ ಫ್ಲೂಟ್ ಉದ್ದ 22 ಆದರೂ ಇದೆಯಾ ಅಂತ ಮೊದಲು ಅಳೆಯಿರಿ. ಕೋಟಿಂಗ್ ಇರುವ ಕಾರ್ಬೈಡ್‌ಗೆ ಇಎನ್8ನಲ್ಲಿ ನಿಮಿಷಕ್ಕೆ 120 ಮೀಟರ್ ವೇಗ ಹಿಡಿದರೆ ಸುಮಾರು 3820 ಆರ್‌ಪಿಎಂ. 1 ಎಂಎಂ ಸ್ಟೆಪ್‌ಓವರ್‌ನಲ್ಲಿ ಚಿಪ್ ತೆಳ್ಳಗಾಗುತ್ತೆ, ಹಲ್ಲಿಗೆ ಕೊಟ್ಟ ಫೀಡ್‌ನ 60 ಪರ್ಸೆಂಟ್ ದಪ್ಪ ಮಾತ್ರ. 0.05 ದಪ್ಪದ ಚಿಪ್ ಬೇಕು ಅಂದರೆ ಹಲ್ಲಿಗೆ 0.083 ಕೊಡಬೇಕು, ಅಂದರೆ ಎಫ್1270ರ ಆಸುಪಾಸು. ಮೊದಲ ಪೀಸ್‌ಗೆ ಎಫ್900ರಿಂದ ಶುರು ಮಾಡಿ, ಸದ್ದು ಕೇಳಿ ಏರಿಸಿ. ಆ ಪೂರ್ತಿ ಫೀಡ್‌ನಲ್ಲಿ ನಿಮಿಷಕ್ಕೆ ಸುಮಾರು 25 ಘನ ಸೆಂಟಿಮೀಟರ್ ಲೋಹ ಹೋಗುತ್ತೆ. ಈಗ ನಿಮಗೆ ಹೋಗ್ತಿರೋದು 5 ಕೂಡ ಇಲ್ಲ.

ಒಳಗೆ ಇಳಿಯೋಕೆ ಹೆಲಿಕಲ್ (ಸುರುಳಿ ದಾರಿ) ಕೊಡಿ, ನೇರ ಪ್ಲಂಜ್ ಬೇಡ. ಸೆಂಟರ್ ದಾರಿ 6 ಎಂಎಂ ವ್ಯಾಸ, ಒಂದು ಸುತ್ತಿಗೆ 1 ಎಂಎಂ ಇಳಿತ, ಆಗ ಕೋನ 3 ಡಿಗ್ರಿ, ತೂತು 16 ಎಂಎಂ ಆಗುತ್ತೆ.

ಆಳದಲ್ಲಿ ಮಾತ್ರ ಮುರಿಯೋದಕ್ಕೆ ಇನ್ನೊಂದು ಕಾರಣ ಚಿಪ್ಸ್. 12 ಎಂಎಂ ಕೆಳಗೆ ಅವು ಹೊರಗೆ ಬರಲ್ಲ, ಮೂಲೆಯಲ್ಲಿ ಕೂಡಿಕೊಂಡು ಮತ್ತೆ ಹಲ್ಲಿನ ಕೆಳಗೆ ಸಿಗ್ತವೆ. ನಳಿಕೆಯನ್ನು ಪಾಕೆಟ್ ಒಳಗೆ ತಿರುಗಿಸಿ ಜೋರಾಗಿ ಗಾಳಿ ಬಿಡಿ. ಆಲ್‌ಟಿಐಎನ್ ಕೋಟಿಂಗ್ ಆದರೆ ಈ ರಫಿಂಗ್‌ಗೆ ಕೂಲಂಟ್ ಬೇಡ. ಬಿಸಿಯಾದ ಹಲ್ಲಿಗೆ ಬಿಟ್ಟು ಬಿಟ್ಟು ಕೂಲಂಟ್ ಬಿದ್ದರೆ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತೆ.

ಕೋಟೆ_ಪ್ರೋಗ್ರಾಮರ್, ಚಿತ್ರದುರ್ಗ

ಆಳ ಜಾಸ್ತಿ ಆಗೋದರ ಬಗ್ಗೆ ನಾನು ಹೇಳ್ತೀನಿ. ತಳ ಯಾವಾಗಲೂ ಆಳದ ಕಡೆಗೇ ತಪ್ಪುತ್ತಿದೆ ಅಂದರೆ ಮೊದಲ ಅನುಮಾನ ಕಾಲೆಟ್ ಮೇಲೆ. ಬಲಸುತ್ತಿನ ಹೆಲಿಕ್ಸ್ ಟೂಲನ್ನು ಕೆಳಕ್ಕೆ ಎಳೀತಾ ಇರುತ್ತೆ. ಮೂಲೆಯಲ್ಲಿ ಲೋಡ್ ಬಂದಾಗಲೆಲ್ಲ ಅದು ಕೂದಲೆಳೆಯಷ್ಟು ಜಾರುತ್ತೆ. ಪರೀಕ್ಷೆ ಸುಲಭ: ಕಾಲೆಟ್ ಬಾಯಿಗೆ ಸರಿಯಾಗಿ ಶ್ಯಾಂಕ್ ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ರಫಿಂಗ್ ಮುಗಿದ ಮೇಲೆ ಗೆರೆಗೂ ಕಾಲೆಟ್ಟಿಗೂ ನಡುವೆ ಬೆಳ್ಳಿ ಬಣ್ಣ ಕಂಡರೆ ಟೂಲ್ ಕೆಳಗೆ ಬಂದಿದೆ ಅಂತಲೇ ಅರ್ಥ. 0.1 ಕಣ್ಣಿಗೆ ಕಾಣದಿರಬಹುದು, ಹಾಗಾಗಿ ಮತ್ತೆ ಝಡ್ ಸೆಟ್ಟರ್ (ಟೂಲ್ ಎತ್ತರ ಅಳೆಯೋ ಸಾಧನ) ಮೇಲೆ ಇಟ್ಟು, ಮಿಷನ್ನಿನಲ್ಲಿ ಬರೆದಿಟ್ಟ ಟೂಲ್ ಉದ್ದದ ಹಳೇ ಆಫ್‌ಸೆಟ್ ಜೊತೆ ಹೋಲಿಸಿ.

ಕಾಲೆಟ್ಟನ್ನು ಹೋಲ್ಡರ್‌ಗೆ ಹಾಕಿ ಮೇಲಿಂದ ನಟ್ ತಿರುಗಿಸೋದು ತಪ್ಪು. ಮೊದಲು ಕಾಲೆಟ್ಟನ್ನು ಓರೆ ಮಾಡಿ ನಟ್ ಒಳಗಿನ ರಿಂಗ್‌ಗೆ ಟಕ್ ಅನ್ನೋ ಹಾಗೆ ಕೂರಿಸಿ, ಆಮೇಲೆ ಟೂಲ್, ಆಮೇಲೆ ಹೋಲ್ಡರ್. ಶ್ಯಾಂಕ್, ಕಾಲೆಟ್, ಟೇಪರ್ ಮೂರರಲ್ಲೂ ಎಣ್ಣೆ ಇರಬಾರದು. ಶ್ಯಾಂಕ್ ಕಾಲೆಟ್ ಉದ್ದದ ಮೂರರಲ್ಲಿ ಎರಡು ಪಾಲಾದರೂ ಒಳಗಿರಬೇಕು. ಇಆರ್32ಗೆ 10 ಎಂಎಂ ಹಿಡಿಯೋಕೆ ಸುಮಾರು 130 ನ್ಯೂಟನ್ ಮೀಟರ್ ಬೇಕು. ಗಿಡ್ಡ ಸ್ಪ್ಯಾನರ್‌ನಲ್ಲಿ ಕೈಬಲಕ್ಕೆ ಅಷ್ಟು ಬರೋದು ಕಷ್ಟ, ಟಾರ್ಕ್ ವ್ರೆಂಚ್ ಇಟ್ಟುಕೊಳ್ಳಿ. ಬಿಗಿ ಮಾಡಿದ ಮೇಲೆ ಲಿವರ್ ಡಯಲ್ ಹಚ್ಚಿ ಸ್ಪಿಂಡಲ್ ಕೈಯಲ್ಲಿ ತಿರುಗಿಸಿ. ರನ್‌ಔಟ್ (ತಿರುಗುವಾಗ ಟೂಲ್ ಓಲಾಡೋದು) 0.02 ದಾಟಿದರೆ ಒಂದೇ ಹಲ್ಲು ಎಲ್ಲರ ಕೆಲಸ ಹೊರುತ್ತೆ, ಕಾಲೆಟ್ ಬದಲಿಸಿ.

ಆಫ್‌ಸೆಟ್ ತೆಗೆಯೋ ರೀತಿಯೂ ನೋಡಿ. ಪೇಪರ್ ಸಿಕ್ಕಿಸಿ ನೋಡೋದು ಒಬ್ಬೊಬ್ಬರ ಕೈಗೆ ಒಂದೊಂದು ಥರ ಬರುತ್ತೆ. 50 ಎಂಎಂ ಝಡ್ ಸೆಟ್ಟರ್ ಇಲ್ಲದಿದ್ದರೆ 10 ಎಂಎಂ ಡವೆಲ್ ಪಿನ್ ಸಾಕು. ಪಿನ್ ಮೇಲೆ ಟೂಲ್ ಇಳಿಸಬೇಡಿ. ಜಾಬ್ ಮೇಲ್ಮೈಯಲ್ಲಿ ಪಿನ್ ಪಕ್ಕಕ್ಕಿಟ್ಟು ಟೂಲನ್ನು 10ಕ್ಕಿಂತ ಕೆಳಗೆ ತಂದು, 0.01 ಹ್ಯಾಂಡ್‌ವೀಲ್‌ನಲ್ಲಿ ಮೇಲೆತ್ತುತ್ತಾ ಪಿನ್ ಯಾವಾಗ ಅಡಿಯಲ್ಲಿ ಉರುಳಿ ಹೋಗುತ್ತೋ ಅಲ್ಲಿ ನಿಲ್ಲಿಸಿ. ಆಗಿನ ಮಿಷನ್ ಝಡ್ −402.350 ಇದ್ದರೆ, ಎಚ್‌ಗೆ (ಟೂಲ್ ಉದ್ದದ ಆಫ್‌ಸೆಟ್) ಬರೆಯಬೇಕಾದ್ದು −412.350. ಈ ರೀತಿಯಲ್ಲಿ ಜಿ54ರ (ಜಾಬ್‌ನ ಸೊನ್ನೆ ಜಾಗ) ಝಡ್ ಸೊನ್ನೆಯೇ ಇರಬೇಕು. ಕೆಲವರು ಎಚ್‌ನಲ್ಲಿ ಟೂಲ್ ಉದ್ದವನ್ನು ಪ್ಲಸ್‌ನಲ್ಲಿ ಬರೆದು ಜಿ54 ಝಡ್ ಮೈನಸ್ ಇಡ್ತಾರೆ, ಅದೂ ಸರಿ. ಒಂದೇ ಮಿಷನ್ನಿನಲ್ಲಿ ಎರಡೂ ಬೆರೆತರೆ ಮಾತ್ರ ಟೂಲ್ ನೇರ ಟೇಬಲ್‌ಗೆ ಹೋಗಬಹುದು. ಶಿಫ್ಟ್ ಬದಲಾಗೋ ಕಡೆ ಯಾವ ರೀತಿ ಅಂತ ಪ್ಯಾನೆಲ್ ಮೇಲೇ ಬರೆದು ಅಂಟಿಸಿ.

ನಮ್ಮ ಕಡೆ ಏಪ್ರಿಲ್‌ನ ಶೀಟ್ ಶೆಡ್‌ನಲ್ಲಿ ಇನ್ನೊಂದಿದೆ. ಬೆಳಗ್ಗೆ ತಣ್ಣಗಿದ್ದಾಗ ತೆಗೆದ ಆಫ್‌ಸೆಟ್ ಸ್ಪಿಂಡಲ್ ಬಿಸಿಯಾದ ಮೇಲೆ ನಿಲ್ಲಲ್ಲ, 0.02–0.05 ಕೆಳಗೆ ಬರಬಹುದು. 15 ನಿಮಿಷ ಖಾಲಿ ಓಡಿಸಿ, ಆಮೇಲೆ ಟೂಲ್ ಸೆಟ್ ಮಾಡಿ.

ಕರೂರು_ವಿಎಂಸಿ

ತುಂಬಾ ಉಪಕಾರ ಆಯ್ತು ಅಣ್ಣಾರೆ. ನಮ್ಮದು ಹಳೇ ಕ್ಯಾಮ್, ಅಡಾಪ್ಟಿವ್ ಇಲ್ಲ. ಆಗ ಮೂಲೆಗೆ ಏನು ದಾರಿ? ಜಿ41ಕ್ಕೆ ಡಿ08ರಲ್ಲಿ (ಟೂಲ್ ರೇಡಿಯಸ್ ಬರೆಯೋ ಜಾಗ) 4.0 ಹಾಕಿದ್ದೀವಿ, ಟೂಲ್ 8 ಎಂಎಂ ತಾನೆ.

ಹರಿಹರ_ಟೂಲ್‌ರೂಮ್

ಅಡಾಪ್ಟಿವ್ ಇಲ್ಲದಿದ್ದರೆ ಡ್ರಿಲ್ ಇದೆಯಲ್ಲ. ನಾಲ್ಕೂ ಮೂಲೆಯಲ್ಲಿ, ಎರಡೂ ಗೋಡೆಯಿಂದ 6 ಎಂಎಂ ಒಳಗೆ ಸೆಂಟರ್ ಹಿಡಿದು 11.5 ಡ್ರಿಲ್ ಮೊದಲೇ ಹಾಕಿ. ಮೂಲೆಗೆ ಸುತ್ತಲೂ 0.25 ಉಳಿಯುತ್ತೆ. ತುದಿಯ ಆಳ 19.8ಕ್ಕೆ ನಿಲ್ಲಿಸಿ. 118 ಡಿಗ್ರಿ ತುದಿಯ ಎತ್ತರವೇ ಸುಮಾರು 3.5 ಎಂಎಂ ಇರೋದರಿಂದ ತೂತಿನ ಪೂರ್ತಿ ಅಗಲ ಸಿಗೋದು 16.3 ತನಕ ಮಾತ್ರ. ಅದರ ಕೆಳಗಿನ ಪಾಸ್‌ಗಳಲ್ಲಿ ಮೂಲೆಗೆ ಫೀಡ್ ಅರ್ಧ ಮಾಡಿ. ಸ್ಟೆಪ್‌ಓವರ್ 6 ಬಿಟ್ಟು 4ಕ್ಕೆ ಇಳಿಸಿ. ಗೋಡೆಗೂ ತಳಕ್ಕೂ 0.2 ಬಿಟ್ಟು, ತಳವನ್ನು 8 ಎಂಎಂ ಒಂದರಲ್ಲೇ ಪೂರ್ತಿ ಫಿನಿಶ್ ಮಾಡಿ. ಇಲ್ಲದಿದ್ದರೆ ಎರಡು ಟೂಲ್‌ಗಳ ನಡುವೆ ಉಗುರಿಗೆ ತಾಗೋ ಮೆಟ್ಟಿಲು ಉಳಿಯುತ್ತೆ.

ಫಿನಿಶಿಂಗ್‌ಗೆ ಎಸ್4770, ಎಫ್760. ಆದರೆ ಆರ್6 ಮೂಲೆಯಲ್ಲಿ ಸೆಂಟರ್ ತಿರುಗೋದು ಆರ್2ನಲ್ಲಿ, ಅಂಚು ಅದರ ಮೂರು ಪಟ್ಟು ಓಡುತ್ತೆ. ಆ ಆರ್ಕ್ ಬ್ಲಾಕ್‌ಗೆ ಎಫ್250 ಬರೆಯಿರಿ, ನಂತರದ ಬ್ಲಾಕ್‌ನಲ್ಲಿ ಮತ್ತೆ 760.

ಕೋಟೆ_ಪ್ರೋಗ್ರಾಮರ್, ಚಿತ್ರದುರ್ಗ

41ನೇ ಅಲಾರಂ ಬರೋದು ಆ 4.0ರಿಂದಲೇ. ನಿಮ್ಮ ಪ್ರೋಗ್ರಾಂ ತೆರೆದು ಮೂಲೆಯ ಜಿ03 (ಎಡಸುತ್ತಿನ ಆರ್ಕ್) ನೋಡಿ. ಆರ್2 ಇದ್ದರೆ ಕ್ಯಾಮ್ ಆಗಲೇ ಟೂಲ್ ರೇಡಿಯಸ್ ಕಳೆದು ಸೆಂಟರ್ ದಾರಿ ಕೊಟ್ಟಿದೆ. ಅದರ ಮೇಲೆ ಮತ್ತೆ 4 ಸರಿಸು ಅಂದರೆ ಆರ್2 ಆರ್ಕ್‌ನಲ್ಲಿ ಜಾಗವೇ ಇಲ್ಲ. ಡಿ08 ಸೊನ್ನೆ ಮಾಡಿ, ಸೈಜ್ ತಿದ್ದೋಕೆ ವೇರ್ (ಸವೆತ ತಿದ್ದೋ ಕಾಲಂ) ಮಾತ್ರ ಬಳಸಿ. ಪಾಕೆಟ್ 0.04 ಚಿಕ್ಕದು ಬಂದರೆ ವೇರ್‌ನಲ್ಲಿ −0.02. ಮೂಲೆಯಲ್ಲಿ ಆರ್6 ಅಂತಲೇ ಇದ್ದರೆ ಮಾತ್ರ ಡಿಯಲ್ಲಿ 4.0 ಸರಿ.

ಜಿ41 ಇರುವ ಬ್ಲಾಕ್ (ಪ್ರೋಗ್ರಾಂನ ಸಾಲು) ಜಿ01 (ನೇರ ಗೆರೆ) ಆಗಿರಲಿ, ಉದ್ದ ಡಿ ಬೆಲೆಗಿಂತ ಜಾಸ್ತಿ ಇರಲಿ, 6 ಎಂಎಂ ಇಟ್ಟರೆ ಸಾಕು. ಆರ್ಕ್ ಮೇಲೇ ಶುರು ಮಾಡಿದರೆ 34ನೇ ಅಲಾರಂ ಬರುತ್ತೆ. ಜಿ40 ರದ್ದು ಮಾಡೋದೂ ನೇರ ಗೆರೆಯಲ್ಲೇ, ಗೋಡೆಯಿಂದ ದೂರ ಬಂದ ಮೇಲೆ.

ಆಫ್‌ಸೆಟ್ ಬದಲಾದ ಮೇಲಿನ ಮೊದಲ ಓಟಕ್ಕೆ ಸಿಂಗಲ್ ಬ್ಲಾಕ್ ಹಾಕಿ, ರ‍್ಯಾಪಿಡ್ 25 ಪರ್ಸೆಂಟ್‌ಗೆ ಇಳಿಸಿ. ಜಿ43 (ಟೂಲ್ ಉದ್ದವನ್ನು ಲೆಕ್ಕಕ್ಕೆ ತಗೊಳ್ಳೋ ಕೋಡ್) ಎಚ್08 ಝಡ್100 ಬ್ಲಾಕ್ ಮುಗಿದಾಗ ಟೂಲ್ ತುದಿಯಿಂದ ಜಾಬ್ ಮೇಲ್ಮೈಗೆ ಸ್ಕೇಲ್ ಇಟ್ಟು ನೋಡಿ. 100 ಇಲ್ಲದಿದ್ದರೆ ಸೈಕಲ್ ಸ್ಟಾರ್ಟ್ ಒತ್ತಬೇಡಿ, ಎಚ್ ನಂಬರ್ ಮತ್ತು ಟಿ ನಂಬರ್ ಹೊಂದುತ್ತಾ ನೋಡಿ.